ನಾಟ್‌ಗೆಲ್ಡ್ ಪ್ಯಾಕೆಟ್: ಚಂದದ ನೋಟಿಗಿಂತ ಬೋಳು ನೋಟೇ ವಾಸಿ

ನಾಟ್‌ಗೆಲ್ಡ್ ಅಂದರೆ ಚಲಾವಣೆಯ ಹಣ ಸಾಲದಾದಾಗ ಜರ್ಮನಿಯ ಊರುಗಳು, ಕಾರ್ಖಾನೆಗಳು ತಾವೇ ಹೊರಡಿಸಿದ ತುರ್ತು ನೋಟು. ಆನ್‌ಲೈನ್ ಅಂಗಡಿಯೊಂದರಲ್ಲಿ ‘1923ರ ಜರ್ಮನ್ ಹಣದುಬ್ಬರದ ನೋಟುಗಳು, ಮಿಕ್ಸ್ ಪ್ಯಾಕೆಟ್’ ಅಂತ ಹಾಕಿದ್ದರು, ತರಿಸಿಕೊಂಡೆ. ಪ್ಯಾಕಿಂಗ್ ಚೆನ್ನಾಗಿತ್ತು. ನೋಟುಗಳೂ ಅಸಲಿ. ಆದರೆ ಮುಕ್ಕಾಲು ಪಾಲು 1923ರವೇ ಅಲ್ಲ!

50 ಫೆನಿಗ್, 75 ಫೆನಿಗ್ (ನೂರು ಫೆನಿಗ್ ಸೇರಿದರೆ ಒಂದು ಮಾರ್ಕ್, ಜರ್ಮನಿಯ ಆಗಿನ ಹಣ) ಅಂತ ಬಣ್ಣಬಣ್ಣದ ಪುಟ್ಟ ನೋಟುಗಳು ಇರುತ್ತವಲ್ಲ, ಅವು ಹೆಚ್ಚಾಗಿ 1921ರ ಆಸುಪಾಸಿನವು. ಮೊದಲ ಮಹಾಯುದ್ಧದಲ್ಲಿ ಚಿಲ್ಲರೆ ನಾಣ್ಯ ಸಿಗದಂತಾದಾಗ ಊರಿನ ಆಡಳಿತಗಳೇ ಇಂಥ ನೋಟು ಹೊರಡಿಸಿದ್ದವು. ಆಮೇಲೆ ಜನ ಅವನ್ನು ಆಲ್ಬಂನಲ್ಲಿ ಜೋಡಿಸಲು ಶುರು ಮಾಡಿದರು. ಊರುಗಳಿಗೆ ಇದೇ ಒಳ್ಳೆ ವ್ಯಾಪಾರವಾಯಿತು, ಸೆಟ್‌ಗಟ್ಟಲೆ ಅಚ್ಚು ಹಾಕಿ ಮಾರಿದರು, ಆಲ್ಬಂಗೆ ಹೋದ ನೋಟನ್ನು ವಾಪಸ್ ತಂದು ಯಾರೂ ದುಡ್ಡು ಕೇಳುವುದಿಲ್ಲ ಅಲ್ವಾ. ಹಾಮೆಲ್ನ್ ಊರಿನ ನೋಟಿನಲ್ಲಿ ಇಲಿ ಹಿಡಿಯುವ ಕೊಳಲಿನವನ ಚಿತ್ರ, ನಮ್ಮ ಕಿಂದರಿಜೋಗಿಯ ಮೂಲ ಕಥೆ ಅಲ್ಲಿಯದೇ. ನೋಡಲು ಖುಷಿ, ಸುಳ್ಳು ಯಾಕೆ ಹೇಳಲಿ. 1922ರಲ್ಲಿ ಸರ್ಕಾರ ಈ ಆಟ ನಿಲ್ಲಿಸಿತು.

ಕೊಟ್ಟ ದುಡ್ಡಿಗೆ ಬೆಲೆ ಬಂದದ್ದು ಉಳಿದ ಕೆಲವು ನೋಟುಗಳಿಂದ. ತೆಳು ಕಾಗದ, ಒಂದೇ ಬದಿ ಅಚ್ಚು, ಹಿಂಬದಿ ಪೂರ್ತಿ ಬೋಳು. ಲಕ್ಷ, ಕೋಟಿ, ನೂರು ಕೋಟಿ ಮಾರ್ಕ್! ಬೆಳಿಗ್ಗೆಯ ಬೆಲೆ ಸಂಜೆಗೆ ಇಲ್ಲದ ಕಾಲದಲ್ಲಿ ಎರಡೂ ಬದಿ ಅಚ್ಚು ಹಾಕಲು ಪುರುಸೊತ್ತು ಎಲ್ಲಿ? ಜರ್ಮನಿಯ ಆಗಿನ ಕೇಂದ್ರ ಬ್ಯಾಂಕ್ ಆದ ರೈಶ್‌ಬ್ಯಾಂಕ್ ಎಷ್ಟು ಮುದ್ರಿಸಿದರೂ ನೋಟು ಸಾಲುತ್ತಿರಲಿಲ್ಲ, ಹಾಗಾಗಿ ಊರುಗಳು, ಕಾರ್ಖಾನೆಗಳು, ರೈಲ್ವೆಯವರು ತಮ್ಮದೇ ನೋಟು ಹೊರಡಿಸಿದರು. ಹಳೇ ನೋಟಿನ ಮೇಲೆ ಹೊಸ ಮೊತ್ತದ ಮುದ್ರೆ ಒತ್ತಿ ಚಲಾವಣೆಗೆ ಬಿಟ್ಟದ್ದೂ ಉಂಟು. 1923ರ ನವೆಂಬರ್‌ನಲ್ಲಿ ಒಂದು ಡಾಲರ್‌ಗೆ 4.2 ಲಕ್ಷ ಕೋಟಿ ಮಾರ್ಕ್ ಆಗಿತ್ತು ಅಂತ ಓದುವುದು ಬೇರೆ, ಆ ಸೊನ್ನೆಗಳ ಸಾಲನ್ನು ಕೈಯಲ್ಲಿ ಹಿಡಿಯುವುದೇ ಬೇರೆ. ಕಲೋನ್ ನಗರದ ನೋಟು ಸಿಕ್ಕರೆ ಸಹಿ ನೋಡಿ: ಆಗ ಅಲ್ಲಿ ಮೇಯರ್ ಆಗಿದ್ದವರು ಕೊನ್ರಾಡ್ ಅಡೆನವರ್, ಮುಂದೆ 1949ರಲ್ಲಿ ಪಶ್ಚಿಮ ಜರ್ಮನಿಯ ಮೊದಲ ಚಾನ್ಸಲರ್ ಆದವರು.

ಬೀಲೆಫೆಲ್ಡ್ ಊರಿನ ರೇಷ್ಮೆ ಬಟ್ಟೆಯ ನೋಟು, ಬೌಹೌಸ್ ಎಂಬ ಹೆಸರಾಂತ ವಿನ್ಯಾಸ ಶಾಲೆಯ ಹರ್ಬರ್ಟ್ ಬಾಯರ್ ವಿನ್ಯಾಸ ಮಾಡಿದ ತುರಿಂಗಿಯಾ ರಾಜ್ಯದ ನೋಟು ಇಂಥವೆಲ್ಲ ಮಿಕ್ಸ್ ಪ್ಯಾಕೆಟ್‌ನಲ್ಲಿ ಬರುತ್ತವೆ ಅಂತ ಸುಮ್ನೆ ಆಸೆ ಇಟ್ಟುಕೊಳ್ಳಬೇಡಿ. ಅವುಗಳ ಬೆಲೆ ತುಂಬಾ ಜಾಸ್ತಿ, ಬಿಡಿಯಾಗಿಯೇ ಮಾರುತ್ತಾರೆ.

ಐದಕ್ಕೆ ಮೂರು ಸ್ಟಾರ್. ಕಡಿತವಾದ ಎರಡು ಸ್ಟಾರ್ ಆ ‘1923’ ಅನ್ನುವ ಸುಳ್ಳಿಗೆ. ಕೊಳ್ಳುವ ಮುಂಚೆ ಪ್ರತಿ ನೋಟಿನ ಫೋಟೋ ಕೇಳಿ, ತಾರೀಖು ಓದಿ, ಫೆನಿಗ್ ಅಂತ ಕಂಡರೆ ಅದನ್ನು ಬಿಟ್ಟು ಮುಂದಕ್ಕೆ ನೋಡಿ. ಮತ್ತೆ, ಮಾಮೂಲಿ ಪಿವಿಸಿ ಕವರ್‌ನಲ್ಲಿ ಇಡಬೇಡಿ, ಕಾಗದ ಹಾಳಾಗುತ್ತದೆ.