ಹಳದಿ ದೀಪದ ಭಾಷೆ ಓದಿಸುವ ಪುಟ್ಟ ಡಬ್ಬಿ: ಬ್ಲೂಟೂತ್ ಓಬಿಡಿ ಸ್ಕ್ಯಾನರ್, ಒಂದು ವರ್ಷದ ಬಳಕೆಯ ನಂತರ

ಕಳೆದ ವರ್ಷ ಜುಲೈಯಲ್ಲಿ ಉಡುಪಿಯಿಂದ ಶಿವಮೊಗ್ಗಕ್ಕೆ ಮರಳುತ್ತಿದ್ದೆವು. ಸೋಮೇಶ್ವರ ದಾಟಿ ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳಲ್ಲಿ ಐದನೆಯದನ್ನೋ ಆರನೆಯದನ್ನೋ ಏರುತ್ತಿದ್ದಾಗ ಮೀಟರ್ ಬೋರ್ಡಿನಲ್ಲಿ ಇಂಜಿನ್ ಆಕಾರದ ಹಳದಿ ದೀಪ ಮಿನುಗತೊಡಗಿತು. ಅದರ ಬೆನ್ನಿಗೇ ಗಾಡಿ ನಡುಗಿತು, ಪಿಕಪ್ ಸತ್ತಿತು. ಮೆಕ್ಯಾನಿಕ್‌ಗಳ ಮಾತಿನಲ್ಲಿ ಹೇಳುವುದಾದರೆ ‘ಮಿಸ್ಸಿಂಗ್ ಹೊಡೆಯಿತು’. ಅಗಲವಾದ ಜಾಗ ನೋಡಿ ನಿಲ್ಲಿಸಿ, ಹತ್ತು ನಿಮಿಷ ಬಿಟ್ಟು ಸ್ಟಾರ್ಟ್ ಮಾಡಿದಾಗ ದೀಪ ಮಿನುಗುವುದನ್ನು ಬಿಟ್ಟು ಸ್ಥಿರವಾಗಿ ಉರಿಯುತ್ತಿತ್ತು. ಹೇಗೋ ಊರು ಸೇರಿದೆವು. ಮಾರನೆಯ ದಿನ ಸರ್ವೀಸ್ ಸೆಂಟರೊಂದರಲ್ಲಿ ಸ್ಕ್ಯಾನರ್ ಹಾಕಿ, ಬಂದ ದೋಷಸೂಚಕ ಕೋಡ್ ಯಾವುದೆಂದು ಬರೆದುಕೊಡದೆಯೇ ಅಳಿಸಿ, ‘ಈಗ ಸರಿಯಾಗಿದೆ ಸರ್’ ಎಂದು ಕಳುಹಿಸಿದರು. ಹನ್ನೊಂದನೆಯ ದಿನ ತೀರ್ಥಹಳ್ಳಿ ದಾರಿಯ ಏರೊಂದರಲ್ಲಿ ದೀಪ ಮರಳಿ ಬಂತು. ಎರಡನೆಯ ಬಾರಿ ಹೋದಾಗ ನಾಲ್ಕು ಇಗ್ನಿಷನ್ ಕಾಯಿಲ್ (ಕಿಡಿಗೆ ಬೇಕಾದ ಹೆಚ್ಚಿನ ವೋಲ್ಟೇಜ್ ಕೊಡುವ ಭಾಗ), ನಾಲ್ಕು ಸ್ಪಾರ್ಕ್ ಪ್ಲಗ್, ಇಂಧನ ಚಿಮುಕಿಸುವ ಇಂಜೆಕ್ಟರ್‌ಗಳ ಕ್ಲೀನಿಂಗ್ ಎಲ್ಲ ಸೇರಿ 13,800 ರೂಪಾಯಿಯ ಎಸ್ಟಿಮೇಟ್ ಕೈಗಿಟ್ಟರು. ಈ ವಿಮರ್ಶೆಯ ಸಾಧನವನ್ನು ನಾನು ತರಿಸಿಕೊಂಡದ್ದು ಆ ಎಸ್ಟಿಮೇಟ್ ಓದಿದ ಸಂಜೆ.

ಸಾಧನ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದು. ಸ್ಟೀರಿಂಗ್‌ನ ಕೆಳಗೆ, ಚಾಲಕನ ಮೊಣಕಾಲಿನ ನೇರಕ್ಕಿರುವ 16 ಪಿನ್‌ಗಳ ಸಾಕೆಟ್ಟಿಗೆ ಅದನ್ನು ಸಿಕ್ಕಿಸಿ, ಕೀಲಿಯನ್ನು ‘ಆನ್’ ಸ್ಥಾನಕ್ಕೆ ತಿರುಗಿಸಿ, ಫೋನಿನ ಬ್ಲೂಟೂತ್‌ನಲ್ಲಿ 1234 ಎಂಬ ಗುಪ್ತಸಂಖ್ಯೆ ಕೊಟ್ಟು ಜೋಡಿಸಿ, ಟಾರ್ಕ್, ಕಾರ್ ಸ್ಕ್ಯಾನರ್ ಮುಂತಾದ ಆ್ಯಪ್‌ಗಳಲ್ಲಿ ಒಂದನ್ನು ತೆರೆದರೆ, ಕಾರಿನ ಇಸಿಯು, ಅಂದರೆ ಇಂಜಿನ್ನನ್ನು ಆಳುವ ಕಂಪ್ಯೂಟರ್, ತಾನು ಬರೆದಿಟ್ಟುಕೊಂಡದ್ದನ್ನು ಹೇಳತೊಡಗುತ್ತದೆ. ಕಾರು ತನ್ನ ದೋಷಗಳನ್ನು ತಾನೇ ಪತ್ತೆಹಚ್ಚಿ ದಾಖಲಿಸಿಕೊಳ್ಳುವ ಈ ಓಬಿಡಿ-2 (ಆನ್-ಬೋರ್ಡ್ ಡಯಾಗ್ನೋಸ್ಟಿಕ್ಸ್) ವ್ಯವಸ್ಥೆ ಅಮೆರಿಕದಲ್ಲಿ 1996ರ ಮಾದರಿಯ ಕಾರುಗಳಿಂದಲೇ ಕಡ್ಡಾಯವಾಗಿದೆ. ನಮ್ಮಲ್ಲಿ ಬಿಎಸ್-4 ಕಾರುಗಳಿಗೆ ಅದು 2013ರ ಏಪ್ರಿಲ್‌ನಿಂದ ಕಡ್ಡಾಯವಾಯಿತು. ನಮ್ಮದು 2016ರ ಪೆಟ್ರೋಲ್ ಗಾಡಿಯಾದ್ದರಿಂದ ತೊಂದರೆಯಾಗಲಿಲ್ಲ. ಅದಕ್ಕಿಂತ ಬಹಳ ಹಳೆಯ ಕಾರಿದ್ದವರು ಸಾಕೆಟ್ ಇದೆಯೆಂದ ಮಾತ್ರಕ್ಕೆ ಸಾಧನ ಮಾತನಾಡುತ್ತದೆಂದು ನಂಬಿ ಕೊಳ್ಳಬಾರದು.

ವಾಸ್ತವದಲ್ಲಿ ನಾನು ಕೊಂಡದ್ದು ಎರಡು. ಮೊದಲನೆಯದಕ್ಕೆ 350 ರೂಪಾಯಿ. ‘ಇಎಲ್ಎಂ327, ಆವೃತ್ತಿ 2.1’ ಎಂದು ಮೇಲೆ ಅಚ್ಚಾಗಿತ್ತು. ಇಎಲ್ಎಂ327 ಎಂಬುದು ಕಾರಿನ ಕಂಪ್ಯೂಟರಿನ ಮಾತನ್ನು ಆ್ಯಪ್‌ಗೆ ತಲುಪಿಸಲು ಕೆನಡಾದ ಎಲ್ಮ್ ಎಲೆಕ್ಟ್ರಾನಿಕ್ಸ್ ರೂಪಿಸಿದ ಚಿಪ್. ಆ ಕಂಪನಿ 2022ರಲ್ಲಿ ಬಾಗಿಲು ಮುಚ್ಚಿದೆ, ಆನ್‌ಲೈನ್‌ನಲ್ಲಿ ಅಗ್ಗಕ್ಕೆ ಸಿಗುವವೆಲ್ಲ ಅದರ ನಕಲುಗಳೇ. ಸ್ವಾರಸ್ಯವೆಂದರೆ ‘ಒಳ್ಳೆಯದು’ ಎಂದು ಎಲ್ಲರೂ ಹುಡುಕುವ 1.5 ಆವೃತ್ತಿಯನ್ನು ಮೂಲ ಕಂಪನಿ ಎಂದೂ ಹೊರತಂದೇ ಇರಲಿಲ್ಲ. ಹಾಗಾಗಿ ಡಬ್ಬಿಯ ಮೇಲಿನ ಸಂಖ್ಯೆಯನ್ನು ನೆಚ್ಚಿಕೊಳ್ಳುವುದು ವ್ಯರ್ಥ. ನನ್ನ 350 ರೂಪಾಯಿಯದು ಕೋಡನ್ನೇನೋ ಓದಿತು, ಆದರೆ ಎರಡು ನಿಮಿಷಕ್ಕೊಮ್ಮೆ ಸಂಪರ್ಕ ಕಡಿದುಕೊಂಡಿತು ಮತ್ತು ಮುಂದೆ ಹೇಳಲಿರುವ ‘ಫ್ರೀಜ್ ಫ್ರೇಮ್’ ಕೇಳಿದರೆ ಖಾಲಿ ಪರದೆ ತೋರಿಸಿತು. ಅದನ್ನು ಹಿಂದಿರುಗಿಸಿ 1,250 ರೂಪಾಯಿಯ ಇನ್ನೊಂದನ್ನು ತರಿಸಿದೆ. ಒಂದು ವರ್ಷದಿಂದ ದುಡಿಯುತ್ತಿರುವುದು ಇದೇ. ಐಫೋನ್ ಇರುವವರು ಹಳೆಯ ಬಗೆಯ ಬ್ಲೂಟೂತ್ ಸಾಧನಗಳನ್ನು ಬಿಟ್ಟು, ಬ್ಲೂಟೂತ್ ಲೋ ಎನರ್ಜಿ ಅಥವಾ ವೈಫೈ ಇರುವುದನ್ನೇ ಕೊಳ್ಳಬೇಕು.

ಕಾರು ಹೇಳಿದ ಕೋಡ್ ಪಿ0302. ಮೊದಲ ಅಕ್ಷರ ‘ಪಿ’ ಎಂದರೆ ಇಂಜಿನ್ ಮತ್ತು ಗೇರ್‌ಬಾಕ್ಸ್ ಕಡೆಯ ದೂರು. ಚಾಸಿಸ್‌ಗೆ ‘ಸಿ’, ಬಾಡಿಗೆ ‘ಬಿ’, ಕಂಪ್ಯೂಟರುಗಳ ನಡುವಿನ ಸಂಪರ್ಕಕ್ಕೆ ‘ಯು’. ನಂತರದ ಸೊನ್ನೆ, ಇದು ಎಲ್ಲ ಕಂಪನಿಗಳಿಗೂ ಸಮಾನವಾದ ಕೋಡ್ ಎಂಬುದರ ಗುರುತು. ಅಲ್ಲಿ 1 ಇದ್ದರೆ ಅದು ತಯಾರಕರ ಸ್ವಂತದ್ದು, ಅದರ ಅರ್ಥ ಅಗ್ಗದ ಆ್ಯಪ್‌ಗಳಿಗೆ ಅನೇಕ ಸಲ ಗೊತ್ತಿರುವುದಿಲ್ಲ. 3 ಎಂದರೆ ಕಿಡಿ ಹಾರಿಸುವ ವ್ಯವಸ್ಥೆ ಮತ್ತು ಮಿಸ್‌ಫೈರ್. ಕೊನೆಯ 02, ಎರಡನೆಯ ಸಿಲಿಂಡರ್. ಒಟ್ಟಿನಲ್ಲಿ ‘ಎರಡನೆಯ ಸಿಲಿಂಡರಿನಲ್ಲಿ ಇಂಧನ ಸರಿಯಾಗಿ ಉರಿಯುತ್ತಿಲ್ಲ’ ಎಂದಷ್ಟೇ ಕಾರು ಹೇಳಿತು. ಕಾಯಿಲ್ ಹಾಳಾಗಿದೆ ಎಂದು ಅದು ಹೇಳಲಿಲ್ಲ, ನಾಲ್ಕನ್ನೂ ಬದಲಿಸಿ ಎಂದಂತೂ ಹೇಳಲೇ ಇಲ್ಲ. ಎಸ್ಟಿಮೇಟ್ ಬರೆದವರು ಈ ಎರಡು ಮಾತುಗಳ ನಡುವಿನ ದೂರವನ್ನು ನನ್ನ ಹಣದಿಂದ ತುಂಬಿಸಹೊರಟಿದ್ದರು.

ಫ್ರೀಜ್ ಫ್ರೇಮ್ ಎಂದರೆ ದೋಷ ದಾಖಲಾದ ಕ್ಷಣದ ಒಂದು ಸ್ಥಿರಚಿತ್ರ. ನನ್ನದರಲ್ಲಿ ಇಂಜಿನ್ ವೇಗ ನಿಮಿಷಕ್ಕೆ 2,460 ಸುತ್ತು, ಲೋಡ್ 88 ಪ್ರತಿಶತ, ಕೂಲಂಟ್ ಉಷ್ಣತೆ 93 ಡಿಗ್ರಿ, ಗಾಡಿಯ ವೇಗ ಗಂಟೆಗೆ 31 ಕಿಲೋಮೀಟರ್ ಎಂದಿತ್ತು. ಅಂದರೆ ಪೂರ್ತಿ ಬಿಸಿಯಾದ ಇಂಜಿನ್, ಕೆಳಗಿನ ಗೇರ್, ಏರುದಾರಿ. ಭಾರ ಹೆಚ್ಚಿದಾಗ ಸಿಲಿಂಡರಿನೊಳಗಿನ ಒತ್ತಡವೂ ಹೆಚ್ಚಿ, ಪ್ಲಗ್ಗಿನ ಅಂತರವನ್ನು ಕಿಡಿ ದಾಟಲು ಹೆಚ್ಚಿನ ವೋಲ್ಟೇಜ್ ಬೇಕಾಗುತ್ತದೆ; ಸಪಾಟು ರಸ್ತೆಯಲ್ಲಿ ಹೇಗೋ ನಡೆದುಹೋಗುವ ದುರ್ಬಲ ಕಾಯಿಲ್ ಘಾಟಿಯಲ್ಲಿ ಸೋಲುವುದು ಇದರಿಂದಲೇ. ಊಹೆ ಕಾಯಿಲ್ ಕಡೆಗೇ ವಾಲುತ್ತಿದ್ದರೂ ಊಹೆಯ ಮೇಲೆ ಹಣ ಸುರಿಯುವ ಮನಸ್ಸಿರಲಿಲ್ಲ.

ಕಾಯಿಲನ್ನು ಪರೀಕ್ಷಿಸಲು 10 ಎಂಎಂ ಸ್ಪ್ಯಾನರ್ ಒಂದೇ ಸಾಕು. ಇಂಜಿನ್ ತಣ್ಣಗಾದ ಮೇಲೆ ಎರಡನೆಯ ಮತ್ತು ಮೂರನೆಯ ಸಿಲಿಂಡರಿನ ಕಾಯಿಲ್‌ಗಳ ಕನೆಕ್ಟರ್ ಬಿಡಿಸಿ, ತಲಾ ಒಂದು ಬೋಲ್ಟ್ ತೆಗೆದು, ಅವನ್ನು ಅದಲುಬದಲು ಮಾಡಿದೆ. ಪ್ಲಗ್‌ಗಳನ್ನಾಗಲಿ ಇಂಜೆಕ್ಟರ್‌ಗಳನ್ನಾಗಲಿ ಮುಟ್ಟಲಿಲ್ಲ. ಪರದೆಯ ಫೋಟೊ ತೆಗೆದುಕೊಂಡು ಕೋಡ್ ಅಳಿಸಿ, ಮರುದಿನ ಅದೇ ತೀರ್ಥಹಳ್ಳಿ ದಾರಿಯ ಏರಿನಲ್ಲಿ ಬೇಕೆಂದೇ ಗಾಡಿಯನ್ನು ದುಡಿಸಿದೆ. ದೀಪ ಮಿನುಗಿತು, ನಿಲ್ಲಿಸಿ ಓದಿದರೆ ಪಿ0303. ಕಾಯಿಲ್ ಮನೆ ಬದಲಿಸಿದಂತೆ ದೂರೂ ಅದರ ಹಿಂದೆಯೇ ಮನೆ ಬದಲಿಸಿತ್ತು. ಕೋಡ್ 0302 ಆಗಿಯೇ ಉಳಿದಿದ್ದರೆ ಪ್ಲಗ್, ಇಂಜೆಕ್ಟರ್, ಕಂಪ್ರೆಷನ್ ಎಂದು ಹುಡುಕಾಟ ಬೇರೆ ದಾರಿ ಹಿಡಿಯಬೇಕಾಗುತ್ತಿತ್ತು. ಒಂದು ಕಾಯಿಲ್‌ಗೆ 2,150 ರೂಪಾಯಿ ಕೊಟ್ಟೆ. ಸಾಧನದ ಬೆಲೆ ಸೇರಿಸಿದರೂ ಒಟ್ಟು ಖರ್ಚು 3,400 ರೂಪಾಯಿ.

ಒಂದು ಎಚ್ಚರಿಕೆ ಹೇಳಲೇಬೇಕು. ಸ್ಥಿರವಾಗಿ ಉರಿಯುವ ದೀಪವನ್ನು ಹೊತ್ತುಕೊಂಡು ಸಾಮಾನ್ಯವಾಗಿ ಮೆಕ್ಯಾನಿಕ್ ಹತ್ತಿರದವರೆಗೆ ನಿಧಾನವಾಗಿ ಹೋಗಬಹುದು. ಮಿನುಗುವ ದೀಪವನ್ನು ಲಕ್ಷಿಸದೆ ಓಡಿಸಿದರೆ ಉರಿಯದ ಪೆಟ್ರೋಲ್ ಸೈಲೆನ್ಸರ್ ಕಡೆ ಹೋಗಿ, ಹೊಗೆಯನ್ನು ಶುದ್ಧಗೊಳಿಸುವ ಕ್ಯಾಟಲಿಟಿಕ್ ಕನ್ವರ್ಟರ್‌ನಲ್ಲಿ ಉರಿದು ಅದನ್ನೇ ಕರಗಿಸಬಲ್ಲದು. ಪ್ಲಾಟಿನಂ, ಪಲ್ಲೇಡಿಯಂ, ರೋಡಿಯಂ ಲೇಪಿಸಿದ ಆ ಭಾಗದ ಬೆಲೆಯ ಮುಂದೆ ಕಾಯಿಲ್ ಏನೇನೂ ಅಲ್ಲ.

ಸಾಧನದ ನಿಜವಾದ ಬೆಲೆ ತಿಳಿದದ್ದು ದಾವಣಗೆರೆಯ ಭಾವನವರ ಕಾರಿನಲ್ಲಿ. ಅವರಿಗೆ ಬಂದಿದ್ದ ಕೋಡ್ ಪಿ0171: ಗಾಳಿ ಹೆಚ್ಚು, ಇಂಧನ ಕಡಿಮೆ. ಹೊಗೆಯಲ್ಲಿ ಉಳಿದ ಆಮ್ಲಜನಕವನ್ನು ಗಮನಿಸಿ ಇಸಿಯುಗೆ ತಿಳಿಸುವ ಆಕ್ಸಿಜನ್ ಸೆನ್ಸರ್ ಬದಲಿಸಬೇಕೆಂದು ಅವರ ಮೆಕ್ಯಾನಿಕ್ ಹೇಳಿದ್ದರು. ಆ್ಯಪ್‌ನಲ್ಲಿ ‘ಲಾಂಗ್ ಟರ್ಮ್ ಫ್ಯೂಯೆಲ್ ಟ್ರಿಮ್’ ತೆರೆದು ನೋಡಿದೆವು. ಮಿಶ್ರಣವನ್ನು ಸರಿದೂಗಿಸಲು ಇಸಿಯು ಎಷ್ಟು ಇಂಧನವನ್ನು ಕೂಡುತ್ತಿದೆ ಅಥವಾ ಕಳೆಯುತ್ತಿದೆ ಎಂಬ ಲೆಕ್ಕ ಇದು. ಐಡ್ಲಿಂಗ್‌ನಲ್ಲಿ +22 ಪ್ರತಿಶತ ಇತ್ತು, ಆಕ್ಸಿಲರೇಟರ್ ಒತ್ತಿ 2,500 ಸುತ್ತಿಗೆ ಏರಿಸಿದಾಗ +6ಕ್ಕೆ ಇಳಿಯಿತು. ಎಲ್ಲೋ ಕಳ್ಳದಾರಿಯಲ್ಲಿ ಗಾಳಿ ನುಗ್ಗುತ್ತಿದ್ದರೆ ಲೆಕ್ಕ ಹೀಗೆಯೇ ಬರುತ್ತದೆ, ಏಕೆಂದರೆ ಇಂಜಿನ್ ಸ್ವಲ್ಪವೇ ಗಾಳಿ ಎಳೆಯುವಾಗ ಸೋರಿಕೆಯ ಪಾಲು ದೊಡ್ಡದು, ಹೆಚ್ಚು ಎಳೆಯುವಾಗ ಚಿಕ್ಕದು. ಬದಲಿಗೆ ಭಾರ ಹೆಚ್ಚಿದಂತೆ ಸಂಖ್ಯೆಯೂ ಏರಿದ್ದರೆ ಫ್ಯೂಯೆಲ್ ಪಂಪ್ ಅಥವಾ ಫಿಲ್ಟರ್ ಕಡೆ ನೋಡುತ್ತಿದ್ದೆವು. ಬಾನೆಟ್ ಎತ್ತಿ ರಬ್ಬರ್ ಹೋಸ್‌ಗಳನ್ನು ಒಂದೊಂದಾಗಿ ಹಿಸುಕುತ್ತ ಹೋದಾಗ, ಇನ್‌ಟೇಕ್ ಮ್ಯಾನಿಫೋಲ್ಡಿಗೆ ಸೇರುವ ಬೆರಳುಗಾತ್ರದ ಹೋಸಿನ ಕೆಳಬದಿಯಲ್ಲಿ, ಬಗ್ಗಿಸಿದಾಗ ಮಾತ್ರ ಬಾಯಿ ತೆರೆಯುವ ಸೀಳು ಸಿಕ್ಕಿತು. ಆಕ್ಸಿಜನ್ ಸೆನ್ಸರ್ ನಿಜವನ್ನೇ ಹೇಳುತ್ತಿತ್ತು, ಶಿಕ್ಷೆ ಅದಕ್ಕೇ ಆಗುವುದರಲ್ಲಿತ್ತು.

ನಮ್ಮ ಮನೆಯಲ್ಲೇ ನವೆಂಬರಿನಲ್ಲಿ ಪಿ0135, ಆಕ್ಸಿಜನ್ ಸೆನ್ಸರಿನ ಹೀಟರ್ ಸರ್ಕ್ಯೂಟ್ ದೋಷ, ಕಾಣಿಸಿಕೊಂಡಾಗಲೂ ಸೆನ್ಸರ್ ನಿರಪರಾಧಿಯಾಗಿತ್ತು. ಇಲಿ ವೈರ್ ಕಡಿದಿತ್ತು. ಈಗ ಬಾನೆಟ್ ಒಳಗೆ ಹೊಗೆಸೊಪ್ಪಿನ ಪೊಟ್ಟಣವಿದೆ.

ಕೊರತೆಗಳೂ ಇವೆ. ನನ್ನ ಕಾರಿನಲ್ಲಿ ಎಬಿಎಸ್ ಮತ್ತು ಏರ್‌ಬ್ಯಾಗ್ ಕೋಡ್‌ಗಳನ್ನು ಇದು ಓದುವುದಿಲ್ಲ. ಸಾಕೆಟ್ಟಿನ 16ನೆಯ ಪಿನ್ನಿಗೆ ಬ್ಯಾಟರಿಯಿಂದ ನೇರ ವಿದ್ಯುತ್ ಬರುವುದರಿಂದ, ಕೀಲಿ ತೆಗೆದರೂ ಸಾಧನ ಎಚ್ಚರವಾಗಿರುತ್ತದೆ. ಮಲ್ಟಿಮೀಟರಿನಲ್ಲಿ ಅಳೆದಾಗ 40 ಮಿಲಿ ಆಂಪಿಯರ್ ಎಳೆಯುತ್ತಿತ್ತು. ದಿನಕ್ಕೆ ಒಂದು ಆಂಪಿಯರ್-ಗಂಟೆಯ ಹತ್ತಿರ ಹತ್ತಿರ. ನಮ್ಮದು 35ರ ಬ್ಯಾಟರಿ, ಎರಡು ವಾರ ಊರಿಗೆ ಹೋದರೆ ಏನಾಗುತ್ತದೆಂದು ಲೆಕ್ಕ ಹಾಕಿಕೊಳ್ಳಬಹುದು. ಅದಕ್ಕಿಂತ ದೊಡ್ಡ ಅಪಾಯ ‘ಕೋಡ್ ಅಳಿಸಿ’ ಎಂಬ ಗುಂಡಿ. ಅದನ್ನು ಒತ್ತಿದರೆ ಕೋಡಿನೊಂದಿಗೆ ಫ್ರೀಜ್ ಫ್ರೇಮ್ ಕೂಡ ಹೋಗುತ್ತದೆ, ಸ್ವಯಂತಪಾಸಣೆಯ ‘ರೆಡಿನೆಸ್ ಮಾನಿಟರ್’ಗಳೂ ಮೊದಲಿನಿಂದ ಆರಂಭವಾಗುತ್ತವೆ.

ಈ ಕೊನೆಯದೊಂದು ಅನಿರೀಕ್ಷಿತವಾಗಿ ಉಪಯೋಗಕ್ಕೆ ಬಂತು. ಸಹೋದ್ಯೋಗಿಯೊಬ್ಬರಿಗಾಗಿ ಸೆಕೆಂಡ್ ಹ್ಯಾಂಡ್ ಕಾರೊಂದನ್ನು ನೋಡಲು ಹೋದಾಗ ಅದರಲ್ಲಿ ಕೋಡ್ ಒಂದೂ ಇರಲಿಲ್ಲ, ಆದರೆ ಐದು ಮಾನಿಟರ್‌ಗಳು ‘ಅಪೂರ್ಣ’ ಎನ್ನುತ್ತಿದ್ದವು; ಯಾರೋ ಇತ್ತೀಚೆಗಷ್ಟೇ ಕೋಡ್ ಅಳಿಸಿರಬೇಕು, ಇಲ್ಲವೇ ಬ್ಯಾಟರಿ ಬಿಚ್ಚಿರಬೇಕು. ಕೇಳಿದಾಗ, ಹಿಂದಿನ ದಿನ ಬ್ಯಾಟರಿ ಬಿಚ್ಚಿ ಹಾಕಿಸಿದ್ದಾಗಿ ಮಾಲೀಕರು ಹೇಳಿದರು. ಬಾನೆಟ್ ಎತ್ತಿಸಿ ನೋಡಿದೆವು: ಎರಡೂ ಟರ್ಮಿನಲ್‌ಗಳ ಬೋಲ್ಟಿನ ಮೇಲೆ ಹಸಿರು ಕಿಲುಬು ಎಲ್ಲೂ ಒಡೆಯದೆ ಗಟ್ಟಿಯಾಗಿ ಕೂತಿತ್ತು.