ಆಗುಂಬೆ ಹತ್ತುವ ಪಿಕಪ್‌ಗೆ ಯಾವ ಟರ್ಬೋ? ಮೂರನ್ನೂ ಓಡಿಸಿ ನೋಡಿದ್ದೇನೆ

ಟರ್ಬೋ ಅಂದರೆ ಎಂಜಿನ್ನಿನ ಹೊಗೆಯ ಬಲದಿಂದ ತಿರುಗಿ ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಭಾಗ. ಅದನ್ನು ಬದಲಾಯಿಸಿದ್ದೇನೆ ಅಂದರೆ ಸಾಕು, ಎಷ್ಟು ಬಾರ್ ಒತ್ತಡ ಬರುತ್ತದೆ ಅಂತ ಎಲ್ಲರೂ ಕೇಳುತ್ತಾರೆ. ಎಷ್ಟು ಆರ್‌ಪಿಎಂಗೆ, ಅಂದರೆ ಎಂಜಿನ್ ನಿಮಿಷಕ್ಕೆ ಎಷ್ಟು ಸುತ್ತು ತಿರುಗುವಾಗ, ಬರುತ್ತದೆ ಅಂತ ಕೇಳುವವರು ಕಡಿಮೆ. ಕರಾವಳಿಯಿಂದ ಲೋಡು ಹೊತ್ತು ಘಾಟಿ ಹತ್ತುವವರು ಮೊದಲು ಕೇಳಬೇಕಾದದ್ದು ಎರಡನೆಯದನ್ನೇ. ಬೂಸ್ಟ್, ಅಂದರೆ ಟರ್ಬೋ ಕೊಡುವ ಗಾಳಿಯ ಒತ್ತಡ, ಬೇಗ ಬರಬೇಕು. ಮೇಲೆ ಎಷ್ಟು ಬರುತ್ತದೆ ಅನ್ನುವುದು ಆಮೇಲಿನ ಮಾತು.

ನನ್ನದು ಸ್ಕಾರ್ಪಿಯೋ ಗೆಟ್‌ಅವೇ. 2179 ಸಿಸಿ ಎಂಹಾಕ್ ಎಂಜಿನ್, 120 ಎಚ್‌ಪಿ, ಹೊಗೆಯ ಮಾನದಂಡ ಬಿಎಸ್4. ಮಲ್ಪೆ ದಕ್ಕೆಯಿಂದ ಮೀನಿನ ಬಾಕ್ಸು, ಐಸು ತುಂಬಿಕೊಂಡು ತೀರ್ಥಹಳ್ಳಿ ಕಡೆ ಹೋಗುವುದು ಇದರ ಕೆಲಸ. ಮಣಿಪಾಲ, ಹಿರಿಯಡ್ಕ, ಪೆರ್ಡೂರು, ಹೆಬ್ರಿ ತನಕ ಏನೂ ತೊಂದರೆ ಇಲ್ಲ. ಸೋಮೇಶ್ವರ ದಾಟಿದ ಮೇಲೆ ಆಗುಂಬೆಯ 14 ಹೇರ್‌ಪಿನ್ ತಿರುವುಗಳು. ದೊಡ್ಡ ಲಾರಿಗಳಿಗೆ ಆ ದಾರಿ ಆಗುವುದಿಲ್ಲ, ಹಾಗಾಗಿ ಸಾಮಾನು ಸಾಗಿಸುವುದೆಲ್ಲ ನಮ್ಮಂಥ ಪಿಕಪ್‌ಗಳೇ. ತಿರುವಿನಲ್ಲಿ ಗಾಡಿ ಹೆಚ್ಚುಕಡಿಮೆ ನಿಂತೇ ಬಿಡುತ್ತದೆ. ಆರ್‌ಪಿಎಂ 1300ಕ್ಕೆ ಇಳಿದಿರುತ್ತದೆ. ಅಲ್ಲಿಂದ ತುಂಬಿದ ಗಾಡಿಯನ್ನು ಎಳೆದು ಎಬ್ಬಿಸಬೇಕು. ಟರ್ಬೋದ ಪರೀಕ್ಷೆ ನಡೆಯುವುದು ಆ ಹತ್ತು ಹನ್ನೆರಡು ಮೀಟರ್‌ನಲ್ಲಿ.

ಹಳೇ ಟರ್ಬೋ 2 ಲಕ್ಷ ಕಿಲೋಮೀಟರ್ ದಾಟಿತ್ತು. ಅಷ್ಟು ಓಡಿದ ಮೇಲೆ ಯಾವ ಟರ್ಬೋ ಆದರೂ ಸವೆಯುವುದೇ. ಸೀಟಿಯ ಶಬ್ದ ಸೈರನ್ ಥರ ಆಗಿತ್ತು, ಟರ್ಬೋದ ಬಿಸಿ ಗಾಳಿಯನ್ನು ತಣಿಸುವ ಇಂಟರ್‌ಕೂಲರ್‌ನ ಹೋಸಿನಲ್ಲಿ ಎಣ್ಣೆ ಜಿನುಗುತ್ತಿತ್ತು, ಬೆಳಿಗ್ಗೆ ಸ್ಟಾರ್ಟ್ ಮಾಡಿದರೆ ನೀಲಿ ಹೊಗೆ. ಹೇಗೂ ಬಿಚ್ಚಲೇಬೇಕು, ಸ್ವಲ್ಪ ಮೇಲಿನದ್ದೇ ಹಾಕೋಣವಾ ಅನ್ನುವ ಪ್ರಶ್ನೆ ಬಂತು. ಮುಂದೆ ಇದ್ದ ದಾರಿ ಮೂರು. ಹಳೇ ಟರ್ಬೋಗೇ ಹೊಸ ಕಾರ್ಟ್ರಿಡ್ಜ್ (ಶಾಫ್ಟ್, ವೀಲ್, ಬೇರಿಂಗ್ ಸೇರಿದ ನಡುಭಾಗ) ಹಾಕಿಸುವುದು. ಹೊರಗಿನ ಹೌಸಿಂಗ್ ಅದೇ ಇಟ್ಟು ಒಳಗೆ ಗಾಳಿ ಒತ್ತುವ ಕಂಪ್ರೆಸರ್ ವೀಲ್ ದೊಡ್ಡದು ಕೂರಿಸುವ ಹೈಬ್ರಿಡ್. ಇಲ್ಲವೇ ಗಾಡಿಯ ಮೂಲ ಟರ್ಬೋ ಆದ ವಿಜಿಟಿಯನ್ನೇ (ವೇನ್ ಅನ್ನುವ ಸಣ್ಣ ರೆಕ್ಕೆಗಳು ತೆರೆದು ಮುಚ್ಚಿ ಬೂಸ್ಟ್ ಹೊಂದಿಸುವಂಥದ್ದು) ತೆಗೆದು ದೊಡ್ಡ ಎಂಜಿನ್ನಿನ ವೇಸ್ಟ್‌ಗೇಟ್ ಟರ್ಬೋ (ಹೆಚ್ಚಾದ ಹೊಗೆಯನ್ನು ಒಂದು ಬಾಗಿಲು ತೆರೆದು ಹೊರಗೆ ಬಿಡುವಂಥದ್ದು). ಮೊದಲಿನ ಎರಡು ನನ್ನ ಗಾಡಿಯಲ್ಲೇ ಓಡಿವೆ. ಮೂರನೆಯದನ್ನು ಭಾವ ತನ್ನ ಗೆಟ್‌ಅವೇಗೆ ಹಾಕಿಸಿದ್ದರು. ಅದನ್ನೂ ಇದೇ ದಾರಿಯಲ್ಲಿ, ಹೆಚ್ಚುಕಡಿಮೆ ಇದೇ ಲೋಡಿನಲ್ಲಿ ಓಡಿಸಿದೆ.

ಇಷ್ಟರಲ್ಲಿ ಒಂದು ವಿಷಯ ತಿಳಿದಿರಲಿ. ಡೀಸೆಲ್ ಎಂಜಿನ್ನಿಗೆ ಶಕ್ತಿ ಬರುವುದು ಡೀಸೆಲ್‌ನಿಂದ. ಗಾಳಿ ಇದ್ದರೆ ಆ ಡೀಸೆಲ್ ಪೂರ್ತಿ ಉರಿಯುತ್ತದೆ, ಇಲ್ಲದಿದ್ದರೆ ಕಪ್ಪು ಹೊಗೆಯಾಗಿ ಹೊರಗೆ ಹೋಗುತ್ತದೆ. ಕಾಮನ್ ರೈಲ್ ಗಾಡಿಯಲ್ಲಿ (ಒತ್ತಡದ ಡೀಸೆಲ್ ಒಂದೇ ಪೈಪಿನಿಂದ ಎಲ್ಲ ಇಂಜೆಕ್ಟರ್‌ಗೂ ಹೋಗುವಂಥದ್ದು) ಎಷ್ಟು ಬೂಸ್ಟ್ ಬೇಕು ಅಂತ ತೀರ್ಮಾನ ಮಾಡುವುದು ಇಸಿಯು, ಅಂದರೆ ಎಂಜಿನ್ನಿನ ಕಂಪ್ಯೂಟರ್. ನೀವು ಎಷ್ಟೇ ದೊಡ್ಡ ಟರ್ಬೋ ಹಾಕಿ, ಇಸಿಯು ತನ್ನ ಲೆಕ್ಕದ ಬೂಸ್ಟ್ ಬಂದ ಕೂಡಲೇ ವೇನ್‌ಗಳನ್ನು ತೆರೆದು ಅಲ್ಲಿಗೇ ನಿಲ್ಲಿಸುತ್ತದೆ. ಇಸಿಯು ಒಳಗಿನ ಆ ಲೆಕ್ಕ, ಅಂದರೆ ಮ್ಯಾಪ್, ಬದಲಾಯಿಸದೆ ಟರ್ಬೋ ಮಾತ್ರ ಬದಲಾಯಿಸಿ "ಗಾಡಿ ಹಾರುತ್ತದೆ" ಅನ್ನುವವರ ಮಾತು ನಂಬಬೇಡಿ.

ಈಗ ಕಾರ್ಟ್ರಿಡ್ಜ್. ಬೈಕಂಪಾಡಿ ಕಡೆಯ ಒಂದು ವರ್ಕ್‌ಶಾಪ್‌ನಲ್ಲಿ ಬಿಚ್ಚಿಸಿದೆ. ಕಂಪ್ರೆಸರ್ ವೀಲ್‌ನ ಅಂಚುಗಳು ಹೌಸಿಂಗ್‌ಗೆ ಉಜ್ಜಿ ಬೆಳ್ಳಿಯ ಹಾಗೆ ಹೊಳೆಯುತ್ತಿದ್ದವು. ಶಾಫ್ಟ್ ಹಿಡಿದು ಹಿಂದೆ ಮುಂದೆ ಎಳೆದರೆ ಟಕ್ ಟಕ್ ಅನ್ನುತ್ತಿತ್ತು. ಅಡ್ಡಕ್ಕೆ ಸ್ವಲ್ಪ ಆಟ ಇದ್ದರೆ ಹೆದರಬೇಕಾಗಿಲ್ಲ. ಈ ಬೇರಿಂಗ್ ಎಣ್ಣೆಯ ಪದರದ ಮೇಲೆ ತೇಲುವಂಥದ್ದು, ಒತ್ತಡ ಬಂದಾಗ ಶಾಫ್ಟ್ ನಡುವಿಗೆ ಬಂದು ನಿಲ್ಲುತ್ತದೆ. ಉದ್ದಕ್ಕೆ ಕೈಗೆ ಗೊತ್ತಾಗುವಷ್ಟು ಆಟ ಬಂದರೆ ಮಾತ್ರ ಕಾರ್ಟ್ರಿಡ್ಜ್ ಮುಗಿಯಿತು ಅಂತಲೇ ಅರ್ಥ. ನಿಮಿಷಕ್ಕೆ ಒಂದೂವರೆ ಲಕ್ಷಕ್ಕೂ ಜಾಸ್ತಿ ಸುತ್ತು ತಿರುಗುವ ವಸ್ತು ಅದು. ಕೂದಲೆಳೆಯಷ್ಟು ಹೆಚ್ಚುಕಡಿಮೆಯೂ ಅದಕ್ಕೆ ದೊಡ್ಡದೇ.

ಕಾರ್ಟ್ರಿಡ್ಜ್ ಕೊಳ್ಳುವಾಗ ಬ್ಯಾಲೆನ್ಸ್ ಮಾಡಿದ ಚೀಟಿ ಜೊತೆಗಿದೆಯಾ ನೋಡಿ. ಚೀಟಿ ಇಲ್ಲದ ಅಗ್ಗದ ಮಾಲು ಬೇಕಾದಷ್ಟು ಸಿಗುತ್ತದೆ, ಬೆಲೆ ಅರ್ಧಕ್ಕೂ ಕಡಿಮೆ. ಮುಟ್ಟಬೇಡಿ. ಜೊತೆಗೆ ಆಯಿಲ್ ಫೀಡ್ ಪೈಪ್ ಹೊಸದೇ ಹಾಕಿಸಿ. ಹಳೇ ಪೈಪಿನ ಒಳಗೆ ಎಣ್ಣೆ ಸುಟ್ಟು ಕರಿ ಕಟ್ಟಿರುತ್ತದೆ. ಹೊಸ ಕಾರ್ಟ್ರಿಡ್ಜ್ ಹಾಕಿದ ಕೆಲವೇ ತಿಂಗಳಲ್ಲಿ ಮತ್ತೆ ಹೋಯಿತು ಅನ್ನುವವರನ್ನು ವಿಚಾರಿಸಿ, ಹೆಚ್ಚಿನವರು ಹಳೇ ಪೈಪನ್ನೇ ಕಟ್ಟಿರುತ್ತಾರೆ.

ಇನ್ನೊಂದು, ಇದು ತುಂಬಾ ಮುಖ್ಯ. ವಿಜಿಟಿಯ ಬದಿಯಲ್ಲಿ ವೇನ್‌ಗಳು ಎಲ್ಲಿ ತನಕ ಮುಚ್ಚಬೇಕು ಅಂತ ನಿಲ್ಲಿಸುವ ಒಂದು ಸಣ್ಣ ಸ್ಟಾಪ್ ಸ್ಕ್ರೂ ಇರುತ್ತದೆ. ಗಾಳಿಯ ಹರಿವು ಅಳೆಯುವ ಮೆಷಿನ್ನಿನಲ್ಲಿ ಇಟ್ಟು ಅದನ್ನು ಸೆಟ್ ಮಾಡಿ ಬಣ್ಣ ಹಚ್ಚಿರುತ್ತಾರೆ. ಅದನ್ನು ಅಂದಾಜಿನ ಮೇಲೆ ತಿರುಗಿಸಿದರೆ ಕತೆ ಮುಗಿಯಿತು. ಜಾಸ್ತಿ ತೆರೆದರೆ ಕೆಳಗಿನ ಆರ್‌ಪಿಎಂನಲ್ಲಿ ಗಾಡಿ ಸತ್ತ ಹಾಗೆ ಆಗುತ್ತದೆ, ಇಸಿಯು ಪಿ0299 ಅನ್ನುವ ದೋಷದ ಕೋಡ್ ತೋರಿಸುತ್ತದೆ. ಜಾಸ್ತಿ ಮುಚ್ಚಿದರೆ ಬೂಸ್ಟ್ ಮಿತಿ ಮೀರಿ ಪಿ0234 ಬರುತ್ತದೆ, ಗಾಡಿ ಶಕ್ತಿ ತಗ್ಗಿಸಿ ಓಡುವ ಲಿಂಪ್ ಮೋಡ್‌ಗೆ ಹೋಗುತ್ತದೆ. ನಮ್ಮ ಫಿಟ್ಟರ್ ವೇನ್‌ಗಳ ಮಸಿ ತೆಗೆದು, ಅವನ್ನು ಆಡಿಸುವ ರಿಂಗ್ ಬರೀ ಬೆರಳಿನಿಂದ ತಳ್ಳಿದರೂ ಸರಾಗ ತಿರುಗುವ ತನಕ ಬಿಡಲಿಲ್ಲ. ಸ್ಕ್ರೂ ಮಾತ್ರ ಮುಟ್ಟಲಿಲ್ಲ. "ಅದು ನಮ್ಮ ಕೈಲಿ ಆಗುವ ಕೆಲಸ ಅಲ್ಲ ಮಾರಾಯ್ರೆ, ಹಾಗೇ ಇರಲಿ" ಅಂದರು. ಕೊನೆಗೆ ಕೈ ಪಂಪ್‌ನಿಂದ ವ್ಯಾಕ್ಯೂಮ್ ಕೊಟ್ಟು, ವೇನ್‌ಗಳನ್ನು ಎಳೆಯುವ ಆಕ್ಚುಯೇಟರ್‌ನ ರಾಡ್ ತಡೆಯಿಲ್ಲದೆ ಪೂರ್ತಿ ಬರುತ್ತದಾ ಅಂತ ನೋಡಿದರು. ಎಂಜಿನ್ ಸ್ಟಾರ್ಟ್ ಆಗದ ಹಾಗೆ ಇಂಜೆಕ್ಟರ್ ಕನೆಕ್ಟರ್ ಕಳಚಿ, ಆಯಿಲ್ ಲೈಟ್ ಆರುವ ತನಕ ಸ್ಟಾರ್ಟರ್ ತಿರುಗಿಸಿ, ಟರ್ಬೋಗೆ ಎಣ್ಣೆ ಮುಟ್ಟಿದ ಮೇಲೇ ಸ್ಟಾರ್ಟ್ ಮಾಡಿದ್ದು.

ಫಲ? ಗಾಡಿ ಹೊಸದಾಗಿದ್ದಾಗಿನ ಹಾಗೆ ಆಯಿತು. 1500 ದಾಟುವಾಗಲೇ ಎಳೆತ. ಆಗುಂಬೆಯ ತಿರುವಿನಲ್ಲಿ ಎರಡನೇ ಗೇರ್ ಸಾಕಾಗುವ ಕಡೆ ಮೊದಲನೆಯದಕ್ಕೆ ಇಳಿಸುವ ಕೆಲಸ ತಪ್ಪಿತು. ಖರ್ಚು ಹೊಸ ಟರ್ಬೋದ ಅರ್ಧವೂ ಆಗಲಿಲ್ಲ. ಹೆಚ್ಚಿನವರಿಗೆ ಇಷ್ಟೇ ಸಾಕು ಅನ್ನುವುದು ನನ್ನ ಅಭಿಪ್ರಾಯ.

ಹೈಬ್ರಿಡ್ ಹಾಕಿಸಿದ್ದು ಆಮೇಲೆ. ಲೋಡು ಜಾಸ್ತಿ ಆಗಿತ್ತು, ಏಪ್ರಿಲ್ ಮೇ ಸೆಕೆಯಲ್ಲಿ ಗಾಡಿ ಮೇಲಿನ ತಿರುವುಗಳಲ್ಲಿ ಸುಸ್ತಾಗುತ್ತಿತ್ತು. ಹೈಬ್ರಿಡ್‌ನಲ್ಲಿ ಹೊರಗಿನಿಂದ ನೋಡಿದರೆ ವ್ಯತ್ಯಾಸವೇ ಗೊತ್ತಾಗುವುದಿಲ್ಲ. ಕಂಪ್ರೆಸರ್ ಹೌಸಿಂಗ್‌ನ ಒಳಗನ್ನು ಕೊರೆದು ದೊಡ್ಡದು ಮಾಡಿ, ಗಟ್ಟಿ ಅಲ್ಯೂಮಿನಿಯಂ ತುಂಡಿನಿಂದ ಮೆಷಿನ್‌ನಲ್ಲಿ ಕೊರೆದ ಬಿಲೆಟ್ ವೀಲ್ ಕೂರಿಸಿರುತ್ತಾರೆ. ಬೋಲ್ಟು, ಪೈಪು, ಆಕ್ಚುಯೇಟರ್ ಎಲ್ಲ ಹಳೆಯದೇ. ಇಲ್ಲಿ ಆಸೆಗೆ ಮಿತಿ ಇರಬೇಕು. ಅದೇ ಆಕಾರ, ಅದೇ ಲೋಹ ಇಟ್ಟುಕೊಂಡು ವೀಲ್‌ನ ವ್ಯಾಸ ಶೇಕಡ 10ರಷ್ಟು ಏರಿಸಿದರೆ, ತಿರುಗಲು ಅದು ಒಡ್ಡುವ ಜಡತೆ ಶೇಕಡ 60ರಷ್ಟು ಏರುತ್ತದೆ. ಬೂಸ್ಟ್ ತಡವಾಗುವುದು ಇದೇ ಕಾರಣಕ್ಕೆ. ಹಾಗಾಗಿ ಸಿಗುವುದರಲ್ಲಿ ಸಣ್ಣ ಗಾತ್ರದ್ದನ್ನೇ ಆರಿಸಿದೆ. ಜೊತೆಗೆ ಮ್ಯಾಪ್ ಬದಲಾವಣೆ, ಅದೂ ಹಗುರವಾಗಿ. ಬೂಸ್ಟ್ ಸ್ವಲ್ಪ ಏರಿಕೆ, ಡೀಸೆಲ್ ಅದಕ್ಕಿಂತ ಕಡಿಮೆ ಏರಿಕೆ.

ಬೂಸ್ಟ್ ಬರುವುದು ಸುಮಾರು 200 ಆರ್‌ಪಿಎಂ ತಡವಾಯಿತು. ಮೊದಲ ದಿನ ಅದು ಕಾಲಿಗೆ ಗೊತ್ತಾಗುತ್ತದೆ, ಆಮೇಲೆ ರೂಢಿಯಾಗುತ್ತದೆ. ಆದರೆ 2000ದಿಂದ 3000ದ ನಡುವೆ ಗಾಡಿಯ ಎಳೆತವೇ ಬೇರೆ. ಹೆಬ್ರಿಯಿಂದ ಸೋಮೇಶ್ವರದ ಏರಿಳಿತದಲ್ಲಿ ಗೇರ್ ಬದಲಾಯಿಸದೆ ಹೋಗಬಹುದು. ನನಗೆ ನಿಜವಾಗಿ ಖುಷಿ ಕೊಟ್ಟದ್ದು ಬಿಸಿ ಇಳಿದದ್ದು. ಎಂಜಿನ್ನಿನ ಹೊಗೆ ಹೊರಬರುವ ಎಕ್ಸಾಸ್ಟ್ ಮ್ಯಾನಿಫೋಲ್ಡ್‌ನಲ್ಲಿ, ಟರ್ಬೋಗಿಂತ ಮೊದಲು, ಬಿಸಿ ಅಳೆಯುವ ಒಂದು ಥರ್ಮೋಕಪಲ್ ಕೂರಿಸಿ ಮೀಟರ್ ಹಾಕಿಸಿದ್ದೆ. ಹಳೇ ಟರ್ಬೋದಲ್ಲಿ ಮೇಲಿನ ತಿರುವುಗಳಿಗೆ ಬರುವಾಗ 700 ಡಿಗ್ರಿ ಮುಟ್ಟುತ್ತಿತ್ತು. ಹೈಬ್ರಿಡ್‌ನಲ್ಲಿ ಅದೇ ಲೋಡಿಗೆ 650ರ ಆಸುಪಾಸು. ಗಾಳಿ ಜಾಸ್ತಿ ಸಿಕ್ಕಿದರೆ ಡೀಸೆಲ್ ಸರಿಯಾಗಿ ಉರಿದು ಬಿಸಿ ಹಂಚಿಹೋಗುತ್ತದೆ. ಪಿಸ್ಟನ್ ಅಲ್ಯೂಮಿನಿಯಂದು, 700 ದಾಟಿ ನಿಮಿಷಗಟ್ಟಲೆ ತುಳಿಯುವುದು ಒಳ್ಳೆಯದಲ್ಲ. ಮೀಟರ್ ಹಾಕಿಸುವವರು ಥರ್ಮೋಕಪಲ್ಲನ್ನು ಟರ್ಬೋದ ನಂತರ ಕೂರಿಸಿದರೆ ನೂರು ಡಿಗ್ರಿಗೂ ಜಾಸ್ತಿ ಕಡಿಮೆ ತೋರಿಸಬಹುದು. ಮ್ಯಾನಿಫೋಲ್ಡ್‌ಗೆ ತೂತು ಕೊರೆಯುವಾಗ ಟರ್ಬೋ ಬಿಚ್ಚಿರಲಿ, ಕಬ್ಬಿಣದ ಪುಡಿ ಒಳಗೆ ಹೋದರೆ ಟರ್ಬೈನ್ ವೀಲ್ ಉಳಿಯುವುದಿಲ್ಲ.

ಇಂಟರ್‌ಕೂಲರ್ ಬಗ್ಗೆಯೂ ಹೇಳಬೇಕು. ಈ ಗಾಡಿಯಲ್ಲಿ ಅದು ಎಂಜಿನ್ ಮೇಲೆ ಇದೆ, ಬಾನೆಟ್ ಮೇಲಿನ ಸ್ಕೂಪ್‌ನಿಂದ ಗಾಳಿ ಬರಬೇಕು. ರಾಷ್ಟ್ರೀಯ ಹೆದ್ದಾರಿ 66ರಲ್ಲಿ ಓಡುವಾಗ ಸರಿ. ಘಾಟಿಯಲ್ಲಿ 20 ಕಿಲೋಮೀಟರ್ ವೇಗದಲ್ಲಿ ಗಾಳಿ ಎಲ್ಲಿಂದ ಬರಬೇಕು? ಕೆಳಗಿನ ಎಂಜಿನ್ನಿನ ಬಿಸಿಯೇ ಮೇಲೇರಿ ಇಂಟರ್‌ಕೂಲರ್ ಕಾಯುತ್ತದೆ. ಹೈಬ್ರಿಡ್ ಹಾಕಿಸಿ ಇಂಟರ್‌ಕೂಲರ್ ಹಾಗೇ ಬಿಟ್ಟರೆ ಅರ್ಧ ಲಾಭ ಅಲ್ಲೇ ಹೋಗುತ್ತದೆ. ಸ್ಕೂಪ್‌ನ ಸುತ್ತಲಿನ ರಬ್ಬರ್ ಸೀಲ್ ಬದಲಾಯಿಸಿ, ರೆಕ್ಕೆಗಳಲ್ಲಿ ಕೂತ ಧೂಳು ತೊಳೆಸಿದೆ. ಅಷ್ಟಕ್ಕೇ ವ್ಯತ್ಯಾಸ ಕಂಡಿತು.

ಭಾವನ ಗಾಡಿಯ ದೊಡ್ಡ ಟರ್ಬೋ ಬೇರೆಯೇ ಸಂಗತಿ. ಹೆಜಮಾಡಿಯಿಂದ ಸುರತ್ಕಲ್ ಕಡೆ ನಾಲ್ಕು ಪಥದ ರಸ್ತೆಯಲ್ಲಿ ಅದನ್ನು ಓಡಿಸಿದರೆ ಮನಸ್ಸು ತುಂಬುತ್ತದೆ. 2500 ದಾಟಿತು ಅಂದರೆ ಸೀಟಿಗೆ ಒತ್ತಿ ಹಿಡಿಯುವಷ್ಟು ಎಳೆತ. ವೇನ್‌ಗಳೇ ಇಲ್ಲ, ಮಸಿ ಕಟ್ಟಿ ಸಿಕ್ಕಿಹಾಕಿಕೊಳ್ಳುವ ಚಿಂತೆಯೂ ಇಲ್ಲ. ಆದರೆ ಸೋಮೇಶ್ವರ ದಾಟಿದ ಮೇಲೆ ಅದೇ ಗಾಡಿ ಪೇಚಾಡುತ್ತದೆ. ತಿರುವಿನಲ್ಲಿ 1300ಕ್ಕೆ ಇಳಿದ ಎಂಜಿನ್ನಿಗೆ 2300ರ ತನಕ ಬೂಸ್ಟ್ ಸಿಗುವುದಿಲ್ಲ. ಆ ತನಕ ಕ್ಲಚ್ ಅರ್ಧ ಒತ್ತಿ ಎಬ್ಬಿಸಬೇಕು. ಹಿಂದೆ ಕಪ್ಪು ಹೊಗೆ, ಒಳಗೆ ಕ್ಲಚ್ ಪ್ಲೇಟ್ ಸುಟ್ಟ ವಾಸನೆ. ಹಿಂದಿನ ಬಸ್ಸಿನವ ಹಾರ್ನ್ ಹೊಡೆಯುತ್ತಾನೆ. ನಾನು ಆ ಗಾಡಿಯಲ್ಲಿ ಮೀನು ತುಂಬಿ ಘಾಟಿ ಹತ್ತಲು ಒಪ್ಪುವುದಿಲ್ಲ.

ಇದಕ್ಕೆ ಹೊಸ ಮ್ಯಾನಿಫೋಲ್ಡ್ ಫ್ಲೇಂಜ್, ಹೊಸ ಆಯಿಲ್ ಡ್ರೈನ್, ಹೊಸ ಹೋಸು, ವಿಜಿಟಿ ಕೋಡ್ ಬರದ ಹಾಗೆ ಇಸಿಯು ಕೆಲಸ. ಎಲ್ಲ ಸೇರಿ ಹೈಬ್ರಿಡ್‌ಗಿಂತ ದುಬಾರಿಯೇ ಆಯಿತು. ಜೊತೆಗೆ ನಮ್ಮ ಉಪ್ಪು ಗಾಳಿ. ದಕ್ಕೆಯಲ್ಲಿ ನಿಲ್ಲುವ, ಐಸ್ ನೀರು ಸುರಿಯುವ ಗಾಡಿ ಅದು. ಮಳೆಗಾಲ ಮುಗಿಯುವಷ್ಟರಲ್ಲಿ ವೇಸ್ಟ್‌ಗೇಟ್‌ನ ತೋಳು ತುಕ್ಕು ಹಿಡಿದು ಬಿಗಿಯಾಗಿತ್ತು. ವಿಜಿಟಿಗೂ ವ್ಯಾಕ್ಯೂಮ್ ಪೈಪ್ ಬಿರುಕು ಬಿಡುವ ಕಾಟ ಇದೆ, ಆದರೆ ಆ ಪೈಪ್ ಬದಲಾಯಿಸುವುದು ಸುಲಭ.

ಟರ್ಬೋ ಮುಟ್ಟದೆ ಬರೀ ಟ್ಯೂನಿಂಗ್ ಬಾಕ್ಸ್ ಹಾಕುವವರೂ ಇದ್ದಾರೆ. ರೈಲ್ ಪ್ರೆಶರ್ ಕಡಿಮೆ ಇದೆ ಅಂತ ಇಸಿಯುಗೆ ಸುಳ್ಳು ಹೇಳಿ ಜಾಸ್ತಿ ಡೀಸೆಲ್ ಎಳೆಯುವ ಪೆಟ್ಟಿಗೆ ಅದು. ಗಾಳಿ ಅಷ್ಟೇ, ಡೀಸೆಲ್ ಜಾಸ್ತಿ, ಬಿಸಿ ಜಾಸ್ತಿ. ಲೋಡಿನ ಗಾಡಿಗೆ ಖಂಡಿತ ಬೇಡ.

ಕಾನೂನಿನ ಮಾತು ಸುಮ್ನೆ ಬಿಡುವಂಥದ್ದಲ್ಲ. 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ ಆರ್‌ಸಿಯಲ್ಲಿನ ವಿವರ ಕಂಪನಿಯ ಮೂಲ ವಿವರಕ್ಕಿಂತ ಬೇರೆಯಾಗುವ ಹಾಗೆ ಗಾಡಿಯನ್ನು ಬದಲಾಯಿಸುವಂತಿಲ್ಲ. 2019ರ ತಿದ್ದುಪಡಿಯಲ್ಲಿ ಇಂಥ ಪ್ರತಿ ಬದಲಾವಣೆಗೆ 5000 ರೂಪಾಯಿ ದಂಡ ಅಥವಾ 6 ತಿಂಗಳ ತನಕ ಜೈಲು, ಇಲ್ಲವೇ ಎರಡೂ ಇದೆ. ಅದೇ ಮಾದರಿಯ ಕಾರ್ಟ್ರಿಡ್ಜ್ ರಿಪೇರಿಯಾಗುತ್ತದೆ, ಅದಕ್ಕೆ ಈ ಭಯವಿಲ್ಲ. ಹೈಬ್ರಿಡ್ ಮತ್ತು ಮ್ಯಾಪ್ ಹಾಕಿಸುವವರು ಆರ್‌ಟಿಒ ಕಚೇರಿಯಲ್ಲೂ ಇನ್ಶೂರೆನ್ಸ್‌ನವರಲ್ಲೂ ಮೊದಲೇ ಕೇಳಿಕೊಳ್ಳಿ. ನಾನು ಈ ವಿಷಯವನ್ನು ಮತ್ತೆ ಮತ್ತೆ ಯೋಚಿಸಿದ್ದೇನೆ. ಲೋಡು ಮೊದಲಿನಷ್ಟೇ ಇದ್ದಿದ್ದರೆ ಕಾರ್ಟ್ರಿಡ್ಜ್‌ನಲ್ಲೇ ನಿಲ್ಲುತ್ತಿದ್ದೆ.

ಹೊಗೆ ಪರೀಕ್ಷೆಯಲ್ಲಿ ಬಿಎಸ್4 ಡೀಸೆಲ್ ಗಾಡಿಗೆ ಹೊಗೆಯ ದಟ್ಟತೆಯ ಮಿತಿ 1.62. ಹೈಬ್ರಿಡ್ ಹಾಕಿದ ಮೇಲೂ ನನ್ನ ಗಾಡಿ ಸುಲಭವಾಗಿ ಪಾಸಾಯಿತು. ಭಾವನದು ಡೀಸೆಲ್ ಮ್ಯಾಪ್ ಇಳಿಸಿದ ಮೇಲೆ ಪಾಸಾಯಿತು. ಇಳಿಸಿದ ಮೇಲೆ ದೊಡ್ಡ ಟರ್ಬೋದ ಎಳೆತವೂ ಹೋಯಿತು. ಈಗ ಅವರು ತೆಗೆದಿಟ್ಟಿದ್ದ ಹಳೇ ವಿಜಿಟಿಯನ್ನೇ ಹೊರಗೆ ತೆಗೆದಿದ್ದಾರೆ. ಹೌಸಿಂಗ್ ಚೆನ್ನಾಗಿದೆ, ಸ್ಟಾಪ್ ಸ್ಕ್ರೂವಿನ ಬಣ್ಣವೂ ಒಡೆದಿಲ್ಲ. ಕಾರ್ಟ್ರಿಡ್ಜ್ ಬಂದ ಮೇಲೆ ಹಾಕಿಸುತ್ತಾರೆ.