ಚಿಕ್ಕ ತಲೆಗೆ ಹೊಂದುವ ವಿಮಾನದ ಹೆಡ್‌ಸೆಟ್

ನಾಲ್ಕು ಆಸನಗಳ, ಒಂಟಿ ಎಂಜಿನ್ನಿನ ಪುಟ್ಟ ವಿಮಾನದಲ್ಲಿ ಪೈಲಟ್‌ನ ಬಲಕ್ಕೆ ಕುಳಿತು ಪ್ರಯಾಣ ಮಾಡುವುದು ನನಗೆ ಹಲವು ವರ್ಷಗಳ ರೂಢಿ. ವಿಮಾನ ನಡೆಸುವವರು ನನ್ನ ಪತಿ. ನಾನು ನಕ್ಷೆ ಹಿಡಿಯುವ, ಸುತ್ತಲಿನ ಆಕಾಶದಲ್ಲಿ ಬೇರೆ ವಿಮಾನಗಳಿವೆಯೇ ಎಂದು ಕಣ್ಣಾಡಿಸುವ, ನೀರಿನ ಬಾಟಲಿ ದಾಟಿಸುವ ಪ್ರಯಾಣಿಕಳು. ನನ್ನ ಎತ್ತರ 147 ಸೆಂಟಿಮೀಟರ್, ತಲೆಯ ಸುತ್ತಳತೆ 51 ಸೆಂಟಿಮೀಟರ್. ಎತ್ತರ ಮೊದಲಿನಿಂದಲೂ ಗೊತ್ತಿತ್ತು. ಟೇಪು ಹಿಡಿದು ತಲೆಯನ್ನು ಅಳೆದುಕೊಂಡದ್ದು ಮೂರನೆಯ ಹೆಡ್‌ಸೆಟ್ ಕೂಡ ಹೊಂದದೆ ಹೋದಾಗ. ಚಿಕ್ಕ ತಲೆಯವರಿಗೆ ಹೆಡ್‌ಸೆಟ್ ಹಿತವಾಗುವುದೂ ಹಿಂಸೆಯಾಗುವುದೂ ಬಹುಮಟ್ಟಿಗೆ ನೆತ್ತಿಯ ಮೇಲಿನ ಕಮಾನಿನ ಅಳತೆಯಿಂದ ತೀರ್ಮಾನವಾಗುತ್ತದೆ ಎಂಬುದು ನನಗೆ ತಿಳಿದದ್ದು ತಡವಾಗಿ, ಏಕೆಂದರೆ ಮಾರುವವರೂ ಮಾಹಿತಿ ಪತ್ರಗಳೂ ಮಾತಾಡುವುದು ತೂಕದ ಬಗ್ಗೆ ಮತ್ತು ಡೆಸಿಬಲ್ ಬಗ್ಗೆ.

ಹೆಡ್‌ಸೆಟ್ ಇಲ್ಲದೆ ಸುಧಾರಿಸಿಕೊಳ್ಳೋಣವೆಂದರೆ ಅದಕ್ಕೆ ಅವಕಾಶವಿಲ್ಲ. ಪಿಸ್ಟನ್ ಎಂಜಿನ್ನಿನ ಸಣ್ಣ ವಿಮಾನದ ಒಳಗೆ ಸದ್ದು ಸಾಮಾನ್ಯವಾಗಿ 90 ಡೆಸಿಬಲ್‌ನ ಆಸುಪಾಸಿನಲ್ಲಿರುತ್ತದೆ. ಮೇಲೇರುವಾಗ ಇನ್ನೂ ಹೆಚ್ಚು. ಕೆಲಸಗಾರರ ಆರೋಗ್ಯ, ಸುರಕ್ಷತೆಗಳನ್ನು ಅಧ್ಯಯನ ಮಾಡುವ ಅಮೆರಿಕದ ನಿಯೋಷ್ ಸಂಸ್ಥೆಯ ಶಿಫಾರಸಿನಂತೆ 85 ಡೆಸಿಬಲ್ ಸದ್ದನ್ನು ದಿನಕ್ಕೆ 8 ಗಂಟೆ ಕೇಳಬಹುದು, ಆಮೇಲೆ ಪ್ರತಿ 3 ಡೆಸಿಬಲ್‌ಗೆ ಆ ಅವಧಿ ಅರ್ಧವಾಗುತ್ತ ಹೋಗುತ್ತದೆ. ಆ ಲೆಕ್ಕದಲ್ಲಿ 94 ಡೆಸಿಬಲ್‌ಗೆ ಸಿಗುವುದು ಒಂದೇ ಗಂಟೆ, ನಮ್ಮ ಪ್ರಯಾಣಗಳಾದರೋ ಎರಡು ಮೂರು ಗಂಟೆಯವು. ಆದ್ದರಿಂದ ಪ್ರಯಾಣಿಕರಿಗೆ ಯಾವುದೋ ಒಂದು ಹಳೆಯದು ಸಾಕು ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಪೈಲಟ್‌ಗೂ ನನಗೂ ಇರುವುದು ಒಂದೇ ಬಗೆಯ ಕಿವಿ.

ಮೊದಲ ಕೆಲವು ಪ್ರಯಾಣಗಳಲ್ಲಿ ನನಗೆ ಸಿಕ್ಕಿದ್ದು ವಿಮಾನದ ಹಿಂದಿನ ಸೀಟಿನಲ್ಲಿ ಬಿದ್ದಿರುತ್ತಿದ್ದ ಒಂದು ಎರವಲು ಹೆಡ್‌ಸೆಟ್. ಬ್ಯಾಟರಿಯ ಹಂಗಿಲ್ಲದ, ಕಿವಿಯನ್ನು ಮುಚ್ಚುವ ಬಟ್ಟಲಿನಂಥ ಗಟ್ಟಿ ಕಪ್ಪುಗಳಿಂದಲೇ ಸದ್ದನ್ನು ತಡೆಯುವ ಹಳೆಯ ಬಗೆಯದು, ತೂಕ ಅರ್ಧ ಕಿಲೋಗೆ ಹತ್ತಿರ. ಎರಡೂ ಬದಿಯ ಸರಳುಗಳನ್ನು ಕೊನೆಯ ಹಲ್ಲಿನವರೆಗೆ ಮೇಲಕ್ಕೆ ಏರಿಸಿದರೂ ಕಪ್ಪುಗಳು ಕಿವಿಯಿಂದ ಒಂದು ಬೆರಳಿನಷ್ಟು ಕೆಳಗೇ ಕೂರುತ್ತಿದ್ದವು. ಕಿವಿಯ ಮೇಲ್ತುದಿ ಸೀಲಿನ, ಅಂದರೆ ಕಪ್ಪಿನ ಬಾಯಿಯ ಸುತ್ತಲಿನ ಮೆತ್ತೆಯ, ಅಂಚಿಗೆ ಸಿಕ್ಕಿ ಮಡಚಿಕೊಳ್ಳುತ್ತಿತ್ತು, ಕೆಳಗಿನ ಅಂಚು ದವಡೆಯ ಕೀಲಿನ ಮೇಲೆ ಕೂತಿರುತ್ತಿತ್ತು; ಹೀಗಾಗಿ ನಾನು ಬಾಯಿ ತೆರೆದಾಗಲೆಲ್ಲ ಸೀಲು ಸರಿದು, ಎಂಜಿನ್ನಿನ ಸದ್ದು ಭೋರೆಂದು ಒಳಗೆ ನುಗ್ಗಿ, ಬಾಯಿ ಮುಚ್ಚಿದೊಡನೆ ತಗ್ಗುತ್ತಿತ್ತು. ಇಳಿಯುವ ಹೊತ್ತಿಗೆ ನೆತ್ತಿಯ ನಡುವೆ, ಒಂದು ನಾಣ್ಯದ ಅಗಲದಷ್ಟು ಜಾಗ ಮುಟ್ಟಿದರೆ ನೋಯುತ್ತಿತ್ತು. ತೂಕ ಹೆಚ್ಚಾದ್ದರಿಂದ ಹೀಗೆ ಎಂದು ನಾನೂ ಎಲ್ಲರಂತೆ ಅಂದುಕೊಂಡಿದ್ದೆ.

ತೂಕಕ್ಕೆ ಅದರಲ್ಲಿ ಪಾಲಿದೆಯಾದರೂ ಮೂಲ ಬೇರೆಡೆ ಇದೆ. ಹೆಡ್‌ಬ್ಯಾಂಡ್ ಎಂದರೆ ಬಾಗಿಸಿದ ಒಂದು ಸ್ಪ್ರಿಂಗು. ಅಗಲವಾದ ತಲೆ ಅದನ್ನು ಹೆಚ್ಚು ಹಿಗ್ಗಿಸುತ್ತದೆ, ಆಗ ಕಪ್ಪುಗಳು ಬಿಗಿಯಾಗಿ ಒತ್ತುತ್ತವೆ. ಕಿರಿದಾದ ತಲೆ ಅದನ್ನು ಹಿಗ್ಗಿಸುವುದೇ ಕಡಿಮೆ, ಆಗ ಒತ್ತುವ ಬಲವೂ ಕಡಿಮೆ. ದೊಡ್ಡ ತಲೆಯವರು ಕಪಾಲ ಹಿಂಡಿದಂತಾಗುತ್ತದೆ ಎಂದು ದೂರುವ ಅದೇ ಹೆಡ್‌ಸೆಟ್ ನಮ್ಮಂಥವರ ತಲೆಯ ಮೇಲೆ ಜೋಲಾಡುತ್ತದೆ. ಪಕ್ಕಗಳಲ್ಲಿ ಹಿಡಿತ ಸಾಲದಿದ್ದಾಗ ಇಡೀ ಭಾರವನ್ನು ನೆತ್ತಿಯೇ ಹೊರಬೇಕಾಗುತ್ತದೆ. ಅದರ ಮೇಲೆ, ದೊಡ್ಡ ತಲೆಯ ಅಂದಾಜಿನಲ್ಲಿ ಬಾಗಿಸಿದ ಕಮಾನು ಚಿಕ್ಕ ತಲೆಯನ್ನು ಉದ್ದಕ್ಕೂ ಮುಟ್ಟದೆ ತುದಿಯ ಒಂದೇ ಜಾಗದಲ್ಲಿ ಮುಟ್ಟುವುದರಿಂದ, ಆ ಭಾರವೆಲ್ಲ ಆ ಒಂದೇ ಬಿಂದುವಿಗೆ ಬೀಳುತ್ತದೆ. ಎರಡೇ ನಿಮಿಷ ತೊಟ್ಟು ನೋಡಿದಾಗ ಸಡಿಲ ಹೆಡ್‌ಸೆಟ್ ಹಾಯೆನಿಸುವುದೂ ಇದೇ ಕಾರಣಕ್ಕೆ. ನಾನು ಎರಡು ಬಾರಿ ಮೋಸಹೋದದ್ದು ಈ ಹಾಯಿತನಕ್ಕೆ.

ಆದ್ದರಿಂದ ಕೊಳ್ಳುವ ಮುನ್ನ ನಾನು ಈಗ ನೋಡುವ ಮೊದಲ ಸಂಗತಿಯೆಂದರೆ ಅತಿ ಚಿಕ್ಕ ಅಳತೆಯಲ್ಲಿ ಕಪ್ಪು ಎಲ್ಲಿ ನಿಲ್ಲುತ್ತದೆ ಎಂಬುದು. ಕಿವಿ ಪೂರ್ತಿಯಾಗಿ ಕಪ್ಪಿನ ನಡುವೆ ಕೂತು, ಸರಿಹೊಂದಿಸುವ ಸರಳಿನಲ್ಲಿ ಇನ್ನೂ ಒಂದಾದರೂ ಹಲ್ಲು ಉಳಿದಿರಬೇಕು. ಕೊನೆಯ ಹಲ್ಲಿನಲ್ಲಿ ಹೇಗೋ ಕೂರುವ ಹೆಡ್‌ಸೆಟ್, ಬೆವರಿಗೆ ಒಂದಿಷ್ಟು ಜಾರಿದರೆ ಮುಗಿಯಿತು. ತೊಟ್ಟ ಮೇಲೆ ಬಾಯಿ ಅಗಲಿಸಿ ಆಕಳಿಸಬೇಕು, ತಲೆ ತಗ್ಗಿಸಿ ಮಡಿಲಲ್ಲಿರುವ ನಕ್ಷೆಯನ್ನು ನೋಡಬೇಕು, ಹಿಂದೆ ತಿರುಗಿ ಹಿಂದಿನ ಸೀಟಿನ ಚೀಲಕ್ಕೆ ಕೈ ಚಾಚಬೇಕು. ಇಷ್ಟರಲ್ಲಿ ಅದು ಜಾರದಿದ್ದರೆ, ತೆಗೆಯದೆ ಒಂದು ಗಂಟೆ ತೊಟ್ಟುಕೊಂಡೇ ಇರಬೇಕು. ನೆತ್ತಿಯ ನೋವು ನನಗೆ ನಲವತ್ತನೆಯ ನಿಮಿಷದ ಮೇಲೆಯೇ ಶುರುವಾಗುತ್ತಿದ್ದದ್ದು.

ಕೈಯಲ್ಲಿರುವ ಹೆಡ್‌ಸೆಟ್ ಸ್ವಲ್ಪದರಲ್ಲಿ ಹೊಂದುತ್ತಿಲ್ಲವಾದರೆ ಅದನ್ನು ಬಿಸಾಡುವ ಅಗತ್ಯವಿಲ್ಲ. ಆ ಎರವಲು ಹೆಡ್‌ಸೆಟ್‌ನ ಮೇಲೆಯೇ ನಾನು ಮಾಡಿ ನೋಡಿದ ಒಂದು ಉಪಾಯವಿದೆ: ಒಂದು ಕರವಸ್ತ್ರವನ್ನು ನಾಲ್ಕು ಮಡಿಕೆ ಮಾಡಿ ನೆತ್ತಿಗೂ ಬ್ಯಾಂಡಿಗೂ ನಡುವೆ ಇಟ್ಟುಕೊಂಡೆ. ನೆತ್ತಿ ಒಂದು ಸೆಂಟಿಮೀಟರ್ ಎತ್ತರವಾದಷ್ಟೇ ಕಪ್ಪುಗಳು ಮೇಲಕ್ಕೆ ಬಂದವು, ಕಿವಿಯ ತುದಿ ಬಿಡಿಸಿಕೊಂಡಿತು, ದವಡೆ ಕದಲಿದಾಗ ಸದ್ದು ನುಗ್ಗುವುದು ಅರ್ಧಕ್ಕರ್ಧ ಇಳಿಯಿತು. ಆಮೇಲೆ ಕುರಿಯ ಉಣ್ಣೆಯ ದಪ್ಪ ಹೆಡ್‌ಪ್ಯಾಡ್ ಒಂದನ್ನು ತಂದು ಬ್ಯಾಂಡಿಗೆ ಸುತ್ತಿದೆ. ಅದು ಭಾರವನ್ನು ಒಂದೇ ಬಿಂದುವಿನಿಂದ ಅಂಗೈಯಗಲದ ಜಾಗಕ್ಕೆ ಹರಡಿತು. ದಪ್ಪ ಪ್ಯಾಡುಗಳು ದೊಡ್ಡ ತಲೆಯವರಿಗೆ ಮೆತ್ತೆ ಮಾತ್ರ, ನಮಗಾದರೋ ಅವು ಅಳತೆಯ ತಿದ್ದುಪಡಿ. ಇಷ್ಟು ಅಗ್ಗದ ಪರಿಹಾರವನ್ನು ಹೆಡ್‌ಸೆಟ್ ಮಾರಿದವರು ಯಾರೂ ನನಗೆ ಹೇಳಲಿಲ್ಲ.

ಇಯರ್ ಸೀಲುಗಳ ವಿಷಯದಲ್ಲಿ ನನ್ನ ಒಲವು ಫೋಮಿನ ಕಡೆಗೆ. ಜೆಲ್ ತುಂಬಿದ ಸೀಲು ಮುಖದ ಏರುತಗ್ಗಿಗೆ ಚೆನ್ನಾಗಿ ಒಗ್ಗಿಕೊಳ್ಳುತ್ತದೆ ನಿಜ, ಆದರೆ ಅದು ಭಾರ. ಮೊದಲೇ ಸಡಿಲವಾಗಿರುವ ಕಪ್ಪನ್ನು ಇನ್ನಷ್ಟು ಕೆಳಗೆಳೆಯುತ್ತದೆ. ಕನ್ನಡಕದ ಕಡ್ಡಿ, ಕಿವಿಯೋಲೆ, ಕ್ಲಿಪ್ಪು, ಇವೆಲ್ಲ ಸೀಲಿನ ಅಡಿಯಲ್ಲಿ ಸಂದು ಮಾಡುತ್ತವೆ. ತುರುಬು ಕಟ್ಟಿಕೊಂಡರೆ ಬ್ಯಾಂಡು ಮುಂದಕ್ಕೆ ಸರಿಯುವುದರಿಂದ ನಾನು ವಿಮಾನ ಹತ್ತುವ ದಿನ ಕುತ್ತಿಗೆಯ ಮಟ್ಟದಲ್ಲಿ ಸಡಿಲ ಜಡೆ ಹಾಕಿಕೊಳ್ಳುತ್ತೇನೆ. ನೆತ್ತಿಯಲ್ಲಿ ಗುಂಡಿಯಿರುವ ಟೋಪಿಯನ್ನಂತೂ ಹೆಡ್‌ಸೆಟ್‌ನ ಅಡಿ ಹಾಕಲೇಬಾರದು. ಒಮ್ಮೆ ಹಾಕಿದವರಿಗೆ ಕಾರಣ ವಿವರಿಸಬೇಕಾಗಿಲ್ಲ.

ಇನ್ನು ಮಾದರಿಗಳ ಮಾತು. ಹಸಿರು ಕಪ್ಪುಗಳ ಡೇವಿಡ್ ಕ್ಲಾರ್ಕ್ ಎಚ್10-13.4 ಇಂದಿಗೂ ಹಾರಾಟ ಕಲಿಸುವ ಶಾಲೆಗಳಲ್ಲಿ ಕಾಣುವ ಗಟ್ಟಿಮುಟ್ಟಾದ ಹೆಡ್‌ಸೆಟ್; ಅದರ ಶಬ್ದ ತಡೆಯುವ ಮಾನ 23 ಡೆಸಿಬಲ್. ಈ ಬಗೆಯ ಹೆಡ್‌ಸೆಟ್‌ಗಳು ಸದ್ದು ತಡೆಯುವುದೇ ಒತ್ತುವ ಬಲದಿಂದ ಎಂಬುದನ್ನು ಮರೆಯಬಾರದು, ಏಕೆಂದರೆ ಆ ಬಲ ಕಿರಿದಾದ ತಲೆಯ ಮೇಲೆ ಪೂರ್ತಿಯಾಗಿ ಒದಗುವುದಿಲ್ಲ. ಕಾಗದದ ಮೇಲಿನ 23 ನಮ್ಮ ಕಿವಿಯಲ್ಲಿ 23 ಆಗಿರುವುದಿಲ್ಲ. ಅದೇ ಕಂಪನಿಯ ಎಚ್10-13ವೈ, ಸಿಗ್‌ಟ್ರಾನಿಕ್ಸ್‌ನ ಎಸ್-45ವೈ ಮೊದಲಾದವು ಮಕ್ಕಳಿಗೆಂದು ಚಿಕ್ಕ ಬ್ಯಾಂಡ್ ಇಟ್ಟು ಮಾಡಿದವು. ಮಕ್ಕಳದ್ದೆಂಬ ಹೆಸರು ಕೇಳಿ ದೊಡ್ಡವರು ಮುಖ ತಿರುಗಿಸುತ್ತಾರೆ, ನಾನೂ ತಿರುಗಿಸಿದ್ದೆ. ಆದರೆ ವರ್ಷಕ್ಕೆ ಒಂದೆರಡು ಸಲ ಮಾತ್ರ ಹಾರುವ ಪುಟ್ಟ ಮೈಕಟ್ಟಿನವರು ಮೊದಲು ತೊಟ್ಟು ನೋಡಬೇಕಾದದ್ದು ಇಂಥವನ್ನೇ.

ಆಗಾಗ ಹಾರುವವರಿಗೆ ನನ್ನ ಸಲಹೆ ಎಎನ್‌ಆರ್, ಅಂದರೆ ಸದ್ದಿಗೆ ಎದುರು ಸದ್ದು ಹುಟ್ಟಿಸಿ ಅದನ್ನು ತಗ್ಗಿಸುವ ಹೆಡ್‌ಸೆಟ್. ಎಂಜಿನ್ನು ಮತ್ತು ಪ್ರೊಪೆಲ್ಲರಿನ ಕೆಳಸ್ಥಾಯಿಯ ಗುಡುಗನ್ನು ವಿದ್ಯುತ್ ಮಂಡಲ ನೋಡಿಕೊಳ್ಳುವುದರಿಂದ ಕಪ್ಪುಗಳು ಅಷ್ಟು ಬಿಗಿಯಾಗಿ ಒತ್ತುವ ಅಗತ್ಯವಿರುವುದಿಲ್ಲ, ಚಿಕ್ಕ ತಲೆಗೆ ಇದು ವರವೇ. ಬೋಸ್ ಕಂಪನಿ ಈ ಬಗೆಯ ಹೆಡ್‌ಸೆಟ್ಟನ್ನು ವಿಮಾನ ನಡೆಸುವವರಿಗಾಗಿ ಮಾರುಕಟ್ಟೆಗೆ ತಂದದ್ದು 1989ರಲ್ಲಿ. ಅದರ ಎ20 ಮಾದರಿಯ ತೂಕ 340 ಗ್ರಾಂ. 2023ರಲ್ಲಿ ಬಂದ ಎ30 ಸುಮಾರು 400 ಗ್ರಾಂ ತೂಗುತ್ತದೆ. ಆದರೂ ಅದರ ಒತ್ತುವ ಬಲ ಎ20ಕ್ಕಿಂತ ಶೇಕಡಾ 20ರಷ್ಟು ಕಡಿಮೆ ಎಂದು ಕಂಪನಿ ಹೇಳುತ್ತದೆ. ಹೆಚ್ಚಿನವರಿಗೆ ಇದು ಸಿಹಿ ಸುದ್ದಿ. ನನ್ನಂಥವರು ಮಾತ್ರ ಇಲ್ಲಿ ಒಂದು ಕ್ಷಣ ನಿಂತು ಯೋಚಿಸಬೇಕು: ತೂಕ ಹೆಚ್ಚಿ ಹಿಡಿತ ಕಡಿಮೆಯಾದರೆ ಆ ವ್ಯತ್ಯಾಸವನ್ನು ತುಂಬಿಕೊಡುವುದು ನೆತ್ತಿಯೇ ತಾನೇ? ಹಾಗಾಗಿ ನನ್ನ ಮಟ್ಟಿಗೆ ಹಳೆಯ ಎ20 ಹೆಚ್ಚು ಒಪ್ಪುವ ವಸ್ತು; ಒಬ್ಬ ಪೈಲಟ್ ಬಳಸಿಟ್ಟಿದ್ದ ಒಂದನ್ನು ಸೀಲು, ಪ್ಯಾಡು ಹೊಸದಾಗಿ ಹಾಕಿಸಿ ಕೊಂಡುಕೊಂಡೆ. ಅದರ ಮೈಕನ್ನು ಎಡಬಲ ಯಾವ ಬದಿಗಾದರೂ ಬದಲಿಸಬಹುದು, ಎರಡು ಎಎ ಬ್ಯಾಟರಿಗಳಿಗೆ ಸುಮಾರು 45 ಗಂಟೆ ನಡೆಯುತ್ತದೆ. ಬ್ಯಾಟರಿ ಮುಗಿದರೂ ಮಾತು ಕೇಳುತ್ತಲೇ ಇರುತ್ತದೆ, ಎಂಜಿನ್ನಿನ ಗುಡುಗು ಮಾತ್ರ ಮರಳಿ ಬರುತ್ತದೆ.

ಎಎನ್‌ಆರ್ ಇದ್ದಮಾತ್ರಕ್ಕೆ ಸೀಲಿನ ಚಿಂತೆ ತಪ್ಪಿತು ಎಂದು ತಿಳಿಯಬಾರದು. ಸಂದಿನಿಂದ ನುಸುಳುವ ಸದ್ದಿನ ಮೇಲೆ ಆ ಮಂಡಲದ ಆಟ ನಡೆಯುವುದಿಲ್ಲ. ಸೀಲು ಸಡಿಲವಾಗಿದ್ದರೆ ವಿಮಾನ ಕುಲುಕಿದಾಗಲೋ ದವಡೆ ಅಲುಗಿದಾಗಲೋ ಕಿವಿಯ ಮೇಲೆ ಯಾರೋ ಮೆತ್ತಗೆ ಗುದ್ದಿದಂಥ ಅನುಭವವಾಗುತ್ತದೆ. ಪರೀಕ್ಷಿಸುವ ಬಗೆ ಸುಲಭ: ಎಂಜಿನ್ನು ನಡೆಯುತ್ತಿರುವಾಗ ಎರಡೂ ಅಂಗೈಗಳಿಂದ ಕಪ್ಪುಗಳನ್ನು ಹಗುರವಾಗಿ ಒಳಕ್ಕೆ ಒತ್ತಬೇಕು. ಸದ್ದು ಎದ್ದು ಕಾಣುವಷ್ಟು ಇಳಿದರೆ ಆ ಹೆಡ್‌ಸೆಟ್ ನಿಮ್ಮ ತಲೆಗೆ ಸಡಿಲ.

ಕಿವಿಯೊಳಗೆ ಕೂರುವ ಬಗೆಯದೂ ಒಂದಿದೆ. ಕ್ಲಾರಿಟಿ ಅಲಾಫ್ಟ್‌ನಂಥವು ತೆಳು ತಂತಿಯ ಚೌಕಟ್ಟಿನವು, ಕೇಬಲ್ ಬಿಟ್ಟರೆ ಒಂದು ಔನ್ಸ್ ಆಸುಪಾಸು ತೂಕ, ಬ್ಯಾಟರಿ ಬೇಡ. ಧ್ವನಿ ಕೊಳವೆಯ ಮೂಲಕ ಫೋಮಿನ ತುದಿಗೆ ಬರುತ್ತದೆ. ತಲೆಯ ಅಳತೆಯ ಪ್ರಶ್ನೆಯನ್ನೇ ಇವು ಇಲ್ಲವಾಗಿಸುತ್ತವೆ. ಟೋಪಿ, ಕನ್ನಡಕ, ತುರುಬು, ಯಾವುದಕ್ಕೂ ಅಡ್ಡಿಯಿಲ್ಲ. ಪುಟ್ಟ ಮೈಕಟ್ಟಿನವರ ಕಿವಿಯ ನಾಳವೂ ಕಿರಿದಾಗಿರಬಹುದಾದ್ದರಿಂದ ಚಿಕ್ಕ ಅಳತೆಯ ತುದಿಗಳನ್ನು ಕೇಳಿ ಪಡೆಯಬೇಕು, ಫೋಮನ್ನು ಹೊಸೆದು ಒಳಗೆ ಕೂರಿಸುವುದನ್ನು ಮನೆಯಲ್ಲೇ ಅಭ್ಯಾಸ ಮಾಡಿಕೊಳ್ಳಬೇಕು. ನೆಗಡಿಯಾದಾಗ, ಇಳಿಯುವಾಗ ಕಿವಿ ಕಟ್ಟುವವರಿಗೆ ಇದು ಹಿತವಲ್ಲ. ಕಿವಿಯೊಳಗೆ ಏನಾದರೂ ತುರುಕಿಕೊಂಡಿರುವುದು ನನಗೆ ಅರ್ಧ ಗಂಟೆಗಿಂತ ಹೆಚ್ಚು ಸಹ್ಯವಾಗಲಿಲ್ಲ. ಸಹಿಸಬಲ್ಲವರು ಬೇರೇನನ್ನೂ ಹುಡುಕಬೇಕಾಗಿಲ್ಲ. ಬೋಸ್‌ನ ಪ್ರೊಫ್ಲೈಟ್ ಕೂಡ ಬಹಳ ಹಗುರ, ಆದರೆ ಅದು ಜೆಟ್ ವಿಮಾನಗಳ ಸದ್ದು ಕಡಿಮೆಯಿರುವ ಕಾಕ್‌ಪಿಟ್‌ಗೆಂದು ಮಾಡಿದ್ದು.

ಮೈಕಿನ ವಿಷಯವನ್ನು ಯಾರೂ ಸೌಕರ್ಯದ ಲೆಕ್ಕಕ್ಕೆ ಸೇರಿಸುವುದಿಲ್ಲ, ನಾನು ಸೇರಿಸುತ್ತೇನೆ. ದೊಡ್ಡ ಮುಖಕ್ಕೆಂದು ಮಾಡಿದ ಮೈಕಿನ ತೋಳು ಚಿಕ್ಕ ಮುಖದ ಮುಂದೆ ಉದ್ದಕ್ಕೆ ಚಾಚಿಕೊಂಡು, ಮೈಕು ತುಟಿಯಿಂದ ದೂರ ಉಳಿಯುತ್ತದೆ. ವಿಮಾನದೊಳಗೆ ಒಬ್ಬರ ಮಾತನ್ನು ಇನ್ನೊಬ್ಬರ ಹೆಡ್‌ಸೆಟ್‌ಗೆ ಮುಟ್ಟಿಸುವ ಇಂಟರ್‌ಕಾಮ್ ತೆರೆದುಕೊಳ್ಳುವುದು ಧ್ವನಿ ಒಂದು ಮಟ್ಟ ದಾಟಿದಾಗ. ಮೆಲುದನಿಯವರ ಮೊದಲ ಅಕ್ಷರಗಳು ಹೀಗೆ ನುಂಗಿಹೋಗುತ್ತವೆ. ಬಲಕ್ಕೆ ಒಂದು ವಿಮಾನವಿದೆ ಎಂದು ನಾನು ಹೇಳಿದ್ದು ಒಮ್ಮೆ ನನ್ನ ಪತಿಗೆ ವಿಮಾನವಿದೆ ಎಂದಷ್ಟೇ ಕೇಳಿಸಿ, ಅವರು ಎಡಕ್ಕೆ ನೋಡಿದ್ದರು. ಬೇಕಾದಂತೆ ಬಾಗಿಸಿ ತುಟಿಯ ಅಂಚಿಗೆ, ಬೆರಳಿನ ಅರ್ಧ ದಪ್ಪದಷ್ಟು ಹತ್ತಿರಕ್ಕೆ ತರಬಹುದಾದ ತೋಳು ಇಲ್ಲದಿದ್ದರೆ, ಉಳಿದದ್ದೆಲ್ಲ ಚೆನ್ನಾಗಿದ್ದರೂ ಅಂಥದ್ದನ್ನು ನಾನು ಕೊಳ್ಳುವುದಿಲ್ಲ.

ಜಾಕುಗಳನ್ನು ಮುಂಚೆಯೇ ನೋಡಿಕೊಳ್ಳುವುದು ಒಳ್ಳೆಯದು. ಸಾಮಾನ್ಯ ಸಣ್ಣ ವಿಮಾನಗಳಲ್ಲಿ ಕೇಳುವುದಕ್ಕೆ 6.3 ಮಿಲಿಮೀಟರಿನದು, ಮೈಕಿಗೆ ಅದಕ್ಕಿಂತ ಸಪೂರದ್ದು, ಹೀಗೆ ಎರಡು ಪ್ಲಗ್ಗುಗಳಿರುತ್ತವೆ. ಹೆಲಿಕಾಪ್ಟರುಗಳಲ್ಲಿ ಒಂದೇ ಪ್ಲಗ್ಗು. ಎಎನ್‌ಆರ್ ಹೆಡ್‌ಸೆಟ್‌ಗಳ ಕೇಬಲ್ಲಿನ ನಡುವೆ ಬ್ಯಾಟರಿಯ ಡಬ್ಬಿಯೊಂದು ತೂಗುತ್ತಿರುತ್ತದೆ, ಅದನ್ನು ಹಾಗೆಯೇ ಬಿಟ್ಟರೆ ಇಡೀ ಪ್ರಯಾಣದುದ್ದಕ್ಕೂ ಒಂದು ಕಪ್ಪನ್ನು ಕೆಳಗೆ ಜಗ್ಗುತ್ತದೆ. ನಾನು ಕೇಬಲ್ಲಿನ ಕ್ಲಿಪ್ಪನ್ನು ಭುಜದ ಪಟ್ಟಿಗೆ ಸಿಕ್ಕಿಸಿ, ತಲೆ ಪೂರ್ತಿ ತಿರುಗುವಷ್ಟು ಸಡಿಲ ಬಿಟ್ಟು, ಡಬ್ಬಿಯನ್ನು ತೊಡೆಯ ಪಕ್ಕದಲ್ಲಿ ಇಟ್ಟುಕೊಳ್ಳುತ್ತೇನೆ. ಕಳೆದ ಬಾರಿ ಮೂರು ಗಂಟೆಯ ಹಾರಾಟ ಮುಗಿಸಿ ಇಳಿದು, ಚೀಲವನ್ನು ಹೆಗಲಿಗೇರಿಸಿ ನಾಲ್ಕು ಹೆಜ್ಜೆ ನಡೆದ ಮೇಲೆ ಆ ಡಬ್ಬಿ ಸೊಂಟಕ್ಕೆ ತಾಗಿದಾಗಲೇ, ಹೆಡ್‌ಸೆಟ್ ಇನ್ನೂ ತಲೆಯ ಮೇಲಿದೆ ಎಂಬುದು ನನಗೆ ಗೊತ್ತಾದದ್ದು.